ತೆರೆದಾಗ ಏಳುವ, ಮುಚ್ಚಿದಾಗ ಮಲಗುವ ಕ್ರಿಸ್‌ಮಸ್ ಕಾರ್ಡ್

ತೆರೆದ ಕೂಡಲೇ ಒಳಗಿನಿಂದ ಮರವೋ ಗೋಪುರವೋ ಎದ್ದು ನಿಲ್ಲುವ ಕ್ರಿಸ್‌ಮಸ್ ಕಾರ್ಡನ್ನು ಕೈಗೆ ತೆಗೆದುಕೊಂಡವರೆಲ್ಲ ಅದು ಹೇಗೆ ಏಳುತ್ತದೆ ಎಂಬುದನ್ನೇ ಮತ್ತೆ ಮತ್ತೆ ತೆರೆದು ನೋಡುತ್ತಾರೆ. ಆದರೆ ಅದನ್ನು ಮಾಡಲು ಕುಳಿತವರು ಮೊದಲು ಯೋಚಿಸಬೇಕಾದದ್ದು ಅದು ಹೇಗೆ ಮಲಗುತ್ತದೆ ಎಂಬುದನ್ನು. ಕಾರ್ಡು ಮುಚ್ಚಿದಾಗ ಒಳಗಿನ ಚಿತ್ರ ಎಲ್ಲಿ ಒರಗಿ, ಯಾವ ದಿಕ್ಕಿಗೆ ತಲೆಯಿಟ್ಟು ಮಲಗುತ್ತದೆ ಎಂಬುದನ್ನು ಅಳತೆ ಹಾಕಿ ತಿಳಿದುಕೊಂಡರೆ ಏಳುವ ಕೆಲಸವನ್ನು ಕಾಗದವೇ ಮಾಡಿಕೊಳ್ಳುತ್ತದೆ. ನಾನು ಮೊದಲ ವರ್ಷ ಈ ಅಳತೆಯನ್ನು ಬಿಟ್ಟು 12 ಸೆಂ.ಮೀ. ಎತ್ತರದ ಚರ್ಚನ್ನು ಕತ್ತರಿಸಿ ಅಂಟಿಸಿದ್ದೆ. ತೆರೆದಾಗ ಅದು ಬಹಳ ಚೆನ್ನಾಗಿ ನಿಂತಿತು. ಮುಚ್ಚಿದಾಗ ಗೋಪುರದ ತುದಿ ಅಂಚಿನಿಂದ ಒಂದು ಬೆರಳಗಲ ಹೊರಗೆ ಚಾಚಿಕೊಂಡಿತು. ಆ ವರ್ಷ ಮಾಡಿದ ಒಂದು ಕಾರ್ಡನ್ನೂ ಲಕೋಟೆಗೆ ಹಾಕಲಾಗಲಿಲ್ಲ.

ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು ಎಂದು ಹೆಸರಾಗಿರುವುದು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು, ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಅವರಿಂದ ಚಿತ್ರ ಬರೆಸಿ ಹೊರತಂದ ಕಾರ್ಡು. ಅದು ಮಡಿಕೆಯೇ ಇಲ್ಲದ ಒಂದು ಗಟ್ಟಿ ಹಾಳೆ. ಅಚ್ಚಾದ ಗೆರೆಗಳ ನಡುವೆ ಕೈಯಿಂದಲೇ ಬಣ್ಣ ತುಂಬಲಾಗಿತ್ತು. ನಾವು ಮಾಡಹೊರಟಿರುವ ಕಾರ್ಡಿನ ಜೀವವೆಲ್ಲ ಮಡಿಕೆಯಲ್ಲೇ ಇರುವುದರಿಂದ ಮೊದಲು ಕಾಗದದ ಮಾತಾಡಬೇಕು.

ಕಾಗದ ಮತ್ತು ಅದರ ನಾರು

ಝೆರಾಕ್ಸ್ ಮಾಡಲು ಬಳಸುವ 75 ಜಿ.ಎಸ್.ಎಂ. (ಅಂದರೆ ಒಂದು ಚದರ ಮೀಟರಿಗೆ 75 ಗ್ರಾಂ ತೂಗುವ) ಹಾಳೆ ಈ ಕೆಲಸಕ್ಕೆ ತೀರಾ ತೆಳುವು. ಅದರಲ್ಲಿ ಮಾಡಿದ ಮರ ಎರಡೇ ದಿನಕ್ಕೆ ಬಾಗುತ್ತದೆ. ಹೊರಗಿನ ಹೊದಿಕೆಗೆ 200ರಿಂದ 220 ಜಿ.ಎಸ್.ಎಂ., ಒಳಗೆ ಏಳುವ ಭಾಗಕ್ಕೆ 160ರಿಂದ 180 ಜಿ.ಎಸ್.ಎಂ. ದಪ್ಪದ ಹಾಳೆ ಸರಿಹೋಗುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದಂಥ ಊರುಗಳ ಪುಸ್ತಕದ ಅಂಗಡಿಗಳಲ್ಲಿ ಕಾರ್ಡ್‌ಶೀಟ್ ಎಂದೋ ಐವರಿ ಶೀಟ್ ಎಂದೋ ಕೇಳಿ, ಎ4 ಅಳತೆಯದನ್ನೇ ಕೊಳ್ಳಿ. ಸುರುಳಿ ಸುತ್ತಿ ಕೊಡುವ ದೊಡ್ಡ ಚಾರ್ಟ್ ಹಾಳೆಯನ್ನು ಚಪ್ಪಟೆ ಮಾಡುವುದರಲ್ಲೇ ಒಂದು ದಿನ ಕಳೆಯುತ್ತದೆ.

ಕಾಗದವನ್ನು ಯಂತ್ರದಲ್ಲಿ ತಯಾರಿಸುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಈ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನೂಲಿನಂತೆ ನೇರವಾಗಿ ಬರುತ್ತದೆ. ಅಡ್ಡವಾಗಿ ಮಡಿಸಿದರೆ ನಾರು ಮುರಿದು ಮಡಿಕೆಯ ಉದ್ದಕ್ಕೂ ಬಿಳಿಯ ಬಿರುಕುಗಳು ಏಳುತ್ತವೆ. ದಿಕ್ಕನ್ನು ತಿಳಿಯಲು ಹಾಳೆಯನ್ನು ಮಡಿಸದೆ ಎರಡೂ ಕಡೆಯಿಂದ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಅದು ತಕರಾರಿಲ್ಲದೆ ಬಾಗುತ್ತದೆಯೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದನೆಯ ಬದಿಯ ಜೊತೆ ಸಾಗುತ್ತದೆ. ಹಾಗಾಗಿ ಇಡೀ ಎ4 ಹಾಳೆಯನ್ನು ನಡುವೆ ಮಡಿಸಿ ದೊಡ್ಡ ಕಾರ್ಡು ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ನಡುವೆ ಕತ್ತರಿಸಿ, 21 ಸೆಂ.ಮೀ. ಉದ್ದ, 14.85 ಸೆಂ.ಮೀ. ಅಗಲದ ಎರಡು ತುಂಡು ಮಾಡಿಕೊಂಡು, ಒಂದೊಂದನ್ನೂ 10.5 ಸೆಂ.ಮೀ.ಗೆ ಮಡಿಸಿದರೆ ಮಡಿಕೆ ನಾರಿನ ಜೊತೆಗೇ ಬರುತ್ತದೆ. ಚಿಕ್ಕ ಕಾರ್ಡನ್ನೇ ಮಾಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಒಂದು ಹಾಳೆಗೆ ಎರಡು ಹೊದಿಕೆ ಸಿಗುವುದು ಅದರ ಮೇಲಿನ ಲಾಭ.

ಕೊಡಗಿನ ಹವೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ತಂದಿಟ್ಟ ಹಾಳೆ ತೇವ ಕುಡಿದು ಮೆತ್ತಗಾಗಿರುತ್ತದೆ, ಅದರ ಮಡಿಕೆ ಚೂಪಾಗಿ ನಿಲ್ಲುವುದಿಲ್ಲ. ಡಿಸೆಂಬರಿನಲ್ಲಿಯೂ ಬೆಳಗಿನ ಮಂಜು ಕರಗುವವರೆಗೆ ಕಾಗದವನ್ನು ಕಿಟಕಿಯ ಬಳಿ ಬಿಡಬಾರದು. ಬಿಸಿಲೇರಿದ ಮೇಲೆ ಕತ್ತರಿಸುವ ಮತ್ತು ಮಡಿಸುವ ಕೆಲಸ ಮುಗಿಸಿ, ಮಧ್ಯಾಹ್ನವೇ ಅಂಟಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗೆ ಒತ್ತಿಟ್ಟರೆ ಕಾರ್ಡು ಸೊಟ್ಟಗಾಗುವುದಿಲ್ಲ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಇಡೀ ಹಗಲು ಬಿಡುವು ಸಿಗದ ಮನೆಗಳಲ್ಲಿ ಇದನ್ನು ಎರಡು ಮೂರು ಮಧ್ಯಾಹ್ನಗಳಿಗೆ ಹಂಚಿಕೊಳ್ಳಬಹುದು.

ಉಳಿದ ಸಾಮಾನು ಮನೆಯಲ್ಲೇ ಇರುತ್ತದೆ: ಸ್ಟೀಲ್ ಸ್ಕೇಲ್, ಹರಿತವಾದ ಕಟರ್, ಕತ್ತರಿ, ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿರುವ 45 ಡಿಗ್ರಿಯ ಸೆಟ್‌ಸ್ಕ್ವೇರ್, ಕೆಳಗೆ ಹಾಸಲು ಹಳೆಯ ಕ್ಯಾಲೆಂಡರಿನ ರಟ್ಟು, ಮತ್ತು ಶಾಯಿ ಮುಗಿದ ಒಂದು ಬಾಲ್ ಪೆನ್. ಈ ಪೆನ್ನನ್ನು ಎಸೆಯಬೇಡಿ. ಮಡಿಸಬೇಕಾದ ಪ್ರತಿ ಗೆರೆಯ ಮೇಲೂ ಸ್ಕೇಲ್ ಇಟ್ಟು ಈ ಪೆನ್ನಿನಿಂದ ಒಮ್ಮೆ ಒತ್ತಿ ಗೀರು ಹಾಕಿದ ನಂತರವೇ ಮಡಿಸಬೇಕು. ಗೀರಿಲ್ಲದೆ ಬರಿಗೈಯಿಂದ ಮಡಿಸಿದ ದಪ್ಪ ಹಾಳೆ ಯಾವಾಗಲೂ ಗೆರೆಯಿಂದ ಕೂದಲೆಳೆಯಷ್ಟು ಜಾರುತ್ತದೆ, ಅಷ್ಟು ಜಾರಿದರೂ ಒಳಗಿನ ಚಿತ್ರ ಒಂದು ಕಡೆಗೆ ವಾಲುತ್ತದೆ.

ಮೊದಲ ಕಾರ್ಡು: ಮೂರು ಮರಗಳ ಸಾಲು

ಹೊಸಬರು ಪೆಟ್ಟಿಗೆ ಮಡಿಕೆಯಿಂದ ಆರಂಭಿಸುವುದು ಒಳ್ಳೆಯದು. ಒಳಹಾಳೆಯನ್ನು ಹೊದಿಕೆಗಿಂತ ತುಸು ಚಿಕ್ಕದಾಗಿ, 20.4 ಸೆಂ.ಮೀ. ಉದ್ದ, 14.2 ಸೆಂ.ಮೀ. ಅಗಲಕ್ಕೆ ಕತ್ತರಿಸಿ ನಡುವೆ ಮಡಿಸಿ. ಈಗ ಪ್ರತಿ ಪುಟದ ಆಳ 10.2 ಸೆಂ.ಮೀ. ಹಾಳೆ ಮಡಿಸಿದ ಸ್ಥಿತಿಯಲ್ಲಿರುವಾಗಲೇ, ಮಡಿಕೆಯ ಅಂಚಿನಿಂದ ಒಳಕ್ಕೆ ಲಂಬವಾಗಿ, 1.5 ಸೆಂ.ಮೀ. ಅಂತರದಲ್ಲಿ ಎರಡು ಸೀಳುಗಳನ್ನು ಹಾಕಿದರೆ ಒಂದು ಪೆಟ್ಟಿಗೆಯ ಪಟ್ಟಿ ಸಿದ್ಧವಾಗುತ್ತದೆ. ಇಂಥ ಮೂರು ಪಟ್ಟಿಗಳು ಬೇಕು: ಎಡಗಡೆಯದಕ್ಕೆ ಸೀಳಿನ ಉದ್ದ 2 ಸೆಂ.ಮೀ., ಬಲಗಡೆಯದಕ್ಕೆ 3 ಸೆಂ.ಮೀ., ನಡುವಿನದಕ್ಕೆ 4 ಸೆಂ.ಮೀ. ಸೀಳುಗಳ ತುದಿಗಳನ್ನು ಸೇರಿಸುವ ಗೆರೆಗೆ ಎರಡೂ ಬದಿಯಿಂದ ಗೀರು ಹಾಕಿ. ಹಾಳೆಯನ್ನು ಅರ್ಧ ತೆರೆದು, ಒಂದೊಂದು ಪಟ್ಟಿಯನ್ನೂ ಬೆರಳಿನಿಂದ ನಿಮ್ಮ ಕಡೆಗೆ ಎಳೆದು, ಅದರ ನಡುಮಡಿಕೆಯ ದಿಕ್ಕನ್ನು ತಿರುಗಿಸಿ, ಮತ್ತೆ ಕಾರ್ಡನ್ನು ಮುಚ್ಚಿ ಉಗುರಿನಿಂದ ಒತ್ತಿ. ತೆರೆದಾಗ ಮೂರು ಮೆಟ್ಟಿಲುಗಳು ಎದ್ದಿರುತ್ತವೆ.

ಈ ಮೆಟ್ಟಿಲುಗಳ ಮುಂದಿನ ಮುಖಕ್ಕೆ ಮಾತ್ರ ಮರಗಳನ್ನು ಅಂಟಿಸಬೇಕು. ಮೇಲ್ಮುಖಕ್ಕೆ ಅಂಟು ತಾಗಿದರೆ ಪೆಟ್ಟಿಗೆ ಮಡಿಯುವುದಿಲ್ಲ. ಅಳತೆಯ ಸೂತ್ರ ಬಹಳ ಸುಲಭ: ಸೀಳಿನ ಉದ್ದ ಮತ್ತು ಮರದ ಎತ್ತರ ಎರಡೂ ಸೇರಿ 10 ಸೆಂ.ಮೀ. ಮೀರಬಾರದು. ಕಾರ್ಡು ಮುಚ್ಚಿದಾಗ ಮರವು ತನ್ನ ಬುಡದಿಂದ ಹೊರ ಅಂಚಿನ ಕಡೆಗೆ ಮಲಗುತ್ತದೆ. ಬುಡವೋ ಮಡಿಕೆಯಿಂದ ಸೀಳಿನ ಉದ್ದದಷ್ಟು ದೂರದಲ್ಲಿರುತ್ತದೆ. ಹಾಗಾಗಿ ಹಿಂದಿನ ಮರ 8 ಸೆಂ.ಮೀ., ನಡುವಿನ ಸಾಲಿನದು 7, ಎಲ್ಲಕ್ಕಿಂತ ಮುಂದಿರುವುದು 6 ಸೆಂ.ಮೀ. ಎತ್ತರ ಇರಬಹುದು. ಹಿಂದಿನವು ಮುಂದಿನವನ್ನು ಮೀರಿ ಕಾಣುವಂತೆ ಈ ಸೂತ್ರವೇ ಏರ್ಪಾಡು ಮಾಡಿಕೊಡುತ್ತದೆ ಎಂಬುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ. ಇದೇ ಕಾರಣಕ್ಕೆ ಸೀಳಿನ ಉದ್ದ ಎಂದಿಗೂ ಪುಟದ ಆಳದ ಅರ್ಧವನ್ನು ದಾಟಬಾರದು. ದಾಟಿದರೆ ಮರವಿಲ್ಲದ ಬರಿಯ ಪೆಟ್ಟಿಗೆಯೇ ಕಾರ್ಡಿನಿಂದ ಹೊರಗೆ ಬರುತ್ತದೆ.

ಮರಗಳು ಹಿಮ ಹೊತ್ತ ಪೈನ್ ಮರಗಳೇ ಆಗಬೇಕೆಂದಿಲ್ಲ. ನಮ್ಮ ತೋಟಗಳ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಮರಗಳು ನೆಟ್ಟಗೆ, ತೆಳ್ಳಗೆ ಬೆಳೆದು ಈ ಕಾರ್ಡಿಗೆ ಹೇಳಿ ಮಾಡಿಸಿದಂತಿವೆ. ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುವಂತೆ ಕಡು ಹಸಿರಿನ ಚಿಕ್ಕ ಎಲೆಗಳನ್ನು ಅಂಟಿಸಿ, ಎಲೆಗಳ ಕೆಳಬದಿಯ ಬೂದುಬೆಳ್ಳಿ ಬಣ್ಣ ಕಾಣುವಂತೆ ಅಲ್ಲಲ್ಲಿ ತುದಿಗಳನ್ನು ಮಡಚಿದರೆ ಕಾರ್ಡು ಎಲ್ಲಿಂದ ಬಂದಿತೆಂದು ದೂರದೂರಿನಲ್ಲಿರುವ ಬಂಧುಗಳಿಗೆ ಹೇಳಬೇಕಾಗಿಲ್ಲ. ಅತಿ ಹಿಂದಿನ ಮರದ ಮುಂದೆ ಒಂದು ಪಟ್ಟಿ ಬಟರ್ ಪೇಪರ್ ಅಂಟಿಸಿದರೆ ಅದೇ ಮಂಜು.

ಎರಡನೆಯ ಕಾರ್ಡು: ಚರ್ಚಿನ ಗೋಪುರ

ಮರಗಳು ಕೈಗೆ ಹತ್ತಿದ ಮೇಲೆ ಚರ್ಚಿಗೆ ಬನ್ನಿ. ಕೊಡಗಿನಲ್ಲಿ ಮಾದರಿಗೆ ಕೊರತೆಯಿಲ್ಲ. 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಎತ್ತರದ ಗೋಪುರವನ್ನು ನೋಡಿದವರಿಗೆ ಕಾಗದದ ನಡುಮಡಿಕೆ ಎಲ್ಲಿ ಬರಬೇಕೆಂದು ಹೇಳಿಕೊಡಬೇಕಾಗಿಲ್ಲ. ಮಡಿಕೇರಿಯ ಕೋಟೆಯೊಳಗೆ 1859ರಲ್ಲಿ ಕಟ್ಟಿದ, ಈಗ ವಸ್ತುಸಂಗ್ರಹಾಲಯವಾಗಿರುವ ಸಂತ ಮಾರ್ಕರ ಚರ್ಚು ಗೋಥಿಕ್ ಮಾದರಿಯ ಕಿಟಕಿಗಳನ್ನು ಕಲಿಯಲು ಒಳ್ಳೆಯ ಜಾಗ.

8 ಸೆಂ.ಮೀ. ಅಗಲದ ಹಾಳೆಯಲ್ಲಿ, ನಡುವೆ 9 ಸೆಂ.ಮೀ. ಎತ್ತರದ ಗೋಪುರ, ಎರಡು ಬದಿಗೆ 5 ಸೆಂ.ಮೀ. ಎತ್ತರದ ಗೋಡೆ ಬರುವಂತೆ ಚಿತ್ರ ಬರೆದುಕೊಳ್ಳಿ. ಗೋಡೆಯ ತಳದಲ್ಲಿ ಅಂಟಿಸಲು 1 ಸೆಂ.ಮೀ. ಅಗಲದ ಪಟ್ಟಿಯನ್ನು ಹೆಚ್ಚಾಗಿ ಬಿಟ್ಟು ಕತ್ತರಿಸಿ, ತಳದ ಗೆರೆಗೂ ನಡುಗೆರೆಗೂ ಗೀರು ಹಾಕಿ. ನಡುಗೆರೆಯ ನೇರಕ್ಕೆ ಪಟ್ಟಿಯನ್ನು ಸೀಳಿ ಎರಡು ಭಾಗ ಮಾಡಿ, ಎರಡರ ಒಳಮೂಲೆಯನ್ನೂ 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ತೆಗೆಯಿರಿ. ಈ ಓರೆ ಕತ್ತರಿಕೆಯನ್ನು ಮರೆತರೆ ಪಟ್ಟಿಯ ಮೂಲೆ ಕಾರ್ಡಿನ ನಡುಮಡಿಕೆಯನ್ನು ದಾಟಿ ಕೂರುತ್ತದೆ, ಕಾರ್ಡು ಪೂರ್ತಿ ಮುಚ್ಚುವುದಿಲ್ಲ.

ಕಾರ್ಡಿನ ಹಾಳೆಯನ್ನು ಪುಸ್ತಕದಂತೆ ತೆರೆದಿಡಿ. ನಡುಮಡಿಕೆಯ ಮಧ್ಯದಲ್ಲಿ ಒಂದು ಚುಕ್ಕೆ ಇಟ್ಟು, ಅಲ್ಲಿಂದ ಎರಡೂ ಪುಟಗಳ ಮೇಲೆ, ನಿಮ್ಮಿಂದ ಆಚೆಗೆ ಸಾಗುವಂತೆ, ಸೆಟ್‌ಸ್ಕ್ವೇರಿನಿಂದ 45 ಡಿಗ್ರಿಯ ಪೆನ್ಸಿಲ್ ಗೆರೆ ಎಳೆಯಿರಿ. ಚರ್ಚನ್ನು ಚಿತ್ರದ ಮುಖ ಹೊರಗೆ ಬರುವಂತೆ ಎರಡಾಗಿ ಮಡಿಸಿ, ಬಲಪುಟದ ಮೇಲೆ ಮಲಗಿಸಿ. ಮಡಿಸಿದ ಚರ್ಚಿನ ತಳ ಪೆನ್ಸಿಲ್ ಗೆರೆಯ ಮೇಲೂ, ತಳದ ಮೊನೆ ಸರಿಯಾಗಿ ಚುಕ್ಕೆಯ ಮೇಲೂ ಇರಬೇಕು. ಗೋಪುರದ ತುದಿ ಓರೆಯಾಗಿ ನಿಮ್ಮ ಕಡೆಗೆ ತೋರುತ್ತಿರಬೇಕು. ಈ ಸ್ಥಿತಿಯಲ್ಲಿ ಕೆಳಗಿರುವ ಪಟ್ಟಿಯನ್ನು ಮಾತ್ರ ಅಂಟಿಸಿ ಒಣಗಲು ಬಿಡಿ. ಬಳಿಕ ಮೇಲಿರುವ ಪಟ್ಟಿಗೆ ಅಂಟು ಸವರಿ, ಎಡಪುಟವನ್ನು ಅದರ ಮೇಲೆ ಮುಚ್ಚಿ ಒತ್ತಿ. ಎರಡನೆಯ ಪಟ್ಟಿಯನ್ನು ಕಣ್ಣಳತೆಯಿಂದ ಅಂಟಿಸಲು ಹೋಗದಿರಿ. ಮುಚ್ಚಿದ ಕಾರ್ಡೇ ಅದಕ್ಕೆ ಜಾಗ ತೋರಿಸುತ್ತದೆ. ಒಣಗಿದ ಮೇಲೆ ಕಾರ್ಡನ್ನು ಪೂರ್ತಿ ಚಪ್ಪಟೆಯಾಗಿ ತೆರೆದರೆ ಚರ್ಚು ನೆಟ್ಟಗೆ ಎದ್ದು ನಿಲ್ಲುತ್ತದೆ.

ಇಲ್ಲಿ ಚರ್ಚು ಓರೆಯಾಗಿ ಮಲಗುವುದರಿಂದ ಗೋಪುರದ ತುದಿ ಚುಕ್ಕೆಯಿಂದ ನಿಮ್ಮ ಕಡೆಗೆ ತನ್ನ ಎತ್ತರದ ಸುಮಾರು ಹತ್ತರಲ್ಲಿ ಏಳು ಪಾಲು ಚಾಚುತ್ತದೆ. 9 ಸೆಂ.ಮೀ. ಗೋಪುರಕ್ಕೆ ಅದು 6.4 ಸೆಂ.ಮೀ.; ಚುಕ್ಕೆಯಿಂದ ಅಂಚಿಗೆ 7 ಸೆಂ.ಮೀ.ಗಿಂತ ತುಸು ಹೆಚ್ಚು ಜಾಗವಿದೆ. ನನ್ನ 12 ಸೆಂ.ಮೀ. ಗೋಪುರ ಹೊರಬಿದ್ದದ್ದು ಏಕೆಂದು ಈ ಲೆಕ್ಕವನ್ನು ಕಲಿತ ದಿನ ತಿಳಿಯಿತು. ಕಿಟಕಿಗಳನ್ನು ಕತ್ತರಿಸಿ ತೆಗೆದು ಹಿಂದಿನಿಂದ ಬಣ್ಣದ ಜಿಲೆಟಿನ್ ಕಾಗದ ಅಂಟಿಸುವುದಿದ್ದರೆ, ಚರ್ಚನ್ನು ಕಾರ್ಡಿಗೆ ಅಂಟಿಸುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.

ಅಂಟು, ಅಲಂಕಾರ, ಹೊದಿಕೆ

ಫೆವಿಕಾಲನ್ನು ಬಾಟಲಿಯಿಂದ ನೇರವಾಗಿ ಸುರಿದರೆ ಅದರ ನೀರಿಗೆ ಕಾಗದ ಉಬ್ಬಿ ಸುಕ್ಕಾಗುತ್ತದೆ. ಒಂದು ಹನಿಯನ್ನು ರಟ್ಟಿನ ಮೇಲೆ ಹಾಕಿಕೊಂಡು ಬೆಂಕಿಕಡ್ಡಿಯಿಂದ ತೆಳುವಾಗಿ ಸವರಿ. ದೊಡ್ಡ ಜಾಗಕ್ಕೆ ಗ್ಲೂ ಸ್ಟಿಕ್ ಉತ್ತಮ.

ಅಲಂಕಾರಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಕಾಫಿ ಗೊಂಚಲು. ಕಡತಗಳಿಗೆ ತೂತು ಹಾಕುವ ಪಂಚಿಂಗ್ ಮಷೀನಿನಿಂದ ಕೆಂಪು ಕಾಗದವನ್ನು ಪಂಚ್ ಮಾಡಿದರೆ ಸಿಗುವ ಗುಂಡನೆಯ ಚೂರುಗಳೇ ಹಣ್ಣುಗಳು. ಸೂಜಿಯ ಮೊನೆಯಿಂದ ಒಂದೊಂದನ್ನೇ ಎತ್ತಿ, ಎದುರುಬದುರು ಹುಟ್ಟಿದ ಎರಡು ಎಲೆಗಳ ಬುಡದಲ್ಲಿ, ರೆಂಬೆಗೆ ಒತ್ತಿಕೊಂಡಂತೆ ಗುಂಪಾಗಿ ಅಂಟಿಸಬೇಕು. ರೆಂಬೆಯ ತುದಿಯಿಂದ ಹಣ್ಣು ತೂಗಾಡುವಂತೆ ಮಾಡಿದರೆ ಅದು ಕಾಫಿಯಾಗುವುದಿಲ್ಲ. ಒಂದೇ ಗೊಂಚಲಿನ ಹಣ್ಣುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಹತ್ತು ಕೆಂಪಿಗೆ ಎರಡು ಹಸಿರು, ಒಂದು ಕಿತ್ತಳೆ ಬಣ್ಣದ ಚೂರು ಸೇರಿಸಿ. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ತಾಳ್ಮೆಯಿಂದ ಮಾಡುತ್ತಾರೆ. ಕಟರ್ ಹಿಡಿಯುವ ಕೆಲಸ ಮಾತ್ರ ದೊಡ್ಡವರದೇ ಆಗಿರಲಿ. ಗೋದಲಿಯನ್ನು ಮಾಡುವ ಆಸೆಯಿದ್ದವರು ಮರಗಳ ಬದಲಿಗೆ ಮೂರು ಪೆಟ್ಟಿಗೆಗಳ ಮೇಲೆ ಕೊಟ್ಟಿಗೆ, ಮರಿಯ ಮತ್ತು ಜೋಸೆಫ್, ಬಾಲ ಯೇಸುವನ್ನು ಅದೇ ಅಳತೆಯಲ್ಲಿ ನಿಲ್ಲಿಸಬಹುದು.

ಪೆಟ್ಟಿಗೆ ಮಡಿಕೆಯ ಕಾರ್ಡಿನಲ್ಲಿ ಸೀಳುಗಳ ಹಿಂದೆ ತೂತು ಉಳಿಯುವುದರಿಂದ ಹೊದಿಕೆ ಬೇಕೇ ಬೇಕು. ಒಳಹಾಳೆಯ ನಡುಮಡಿಕೆಯನ್ನು ಹೊದಿಕೆಯ ನಡುಮಡಿಕೆಗೆ ತಾಗಿಸಿಟ್ಟು ಒಂದು ಪುಟವನ್ನು ಅಂಟಿಸಿ. ಇನ್ನೊಂದು ಪುಟದ ಬೆನ್ನಿಗೆ ಅಂಟು ಸವರಿ, ಚರ್ಚಿನ ಪಟ್ಟಿಗೆ ಮಾಡಿದಂತೆಯೇ ಹೊದಿಕೆಯನ್ನು ಅದರ ಮೇಲೆ ಮುಚ್ಚಿ. ಪೆಟ್ಟಿಗೆಗಳ ಬೆನ್ನಿಗೂ ಸೀಳಿನ ಅಂಚುಗಳಿಗೂ ಅಂಟು ತಾಗದಂತೆ, ಸವರುವಾಗ ಆ ಜಾಗವನ್ನು ಸುದ್ದಿಪತ್ರಿಕೆಯ ಚೂರಿನಿಂದ ಮುಚ್ಚಿಕೊಳ್ಳಿ.

ಶುಭಾಶಯವನ್ನು ಒಳಗಿನ ನೆಲದ ಭಾಗದಲ್ಲಿ, ಮರಗಳ ಮುಂದೆ ಉಳಿದ ಜಾಗದಲ್ಲಿ ಬರೆಯಬೇಕು; ಕಾರ್ಡು ತೆರೆದಾಗ ಓದುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಅಂಚೆಗೆ ಹಾಕುವುದಾದರೆ 11.4 ಸೆಂ.ಮೀ. ಅಗಲ, 16.2 ಸೆಂ.ಮೀ. ಉದ್ದದ ಲಕೋಟೆ ಈ ಕಾರ್ಡಿಗೆ ಸರಿಯಾಗಿ ಹೊಂದುತ್ತದೆ. ಠಸ್ಸೆ ಒತ್ತುವಾಗ ಒಳಗಿನ ಮಡಿಕೆಗಳು ಜಜ್ಜದಂತೆ ಕಾರ್ಡಿನ ಜೊತೆಗೆ ಒಂದು ತೆಳು ರಟ್ಟನ್ನು ಇಟ್ಟು, ಡಿಸೆಂಬರಿನ ಮೊದಲ ವಾರದೊಳಗೆ ಕಳುಹಿಸಿ. ಲಕೋಟೆಗೆ ಹಾಕುವ ಮುನ್ನ ಪ್ರತಿಯೊಂದು ಕಾರ್ಡನ್ನೂ ಹತ್ತು ಸಲ ತೆರೆದು ಮುಚ್ಚಿ ನೋಡಿ. ಎಲ್ಲಿಯಾದರೂ ಬಿಗಿಯಾಗಿ ಎಳೆದಂತಾದರೆ ಆ ಜಾಗದಲ್ಲಿ ಅಂಟು ಸೀಳಿನೊಳಕ್ಕೆ ಇಳಿದಿದೆ ಎಂದು ತಿಳಿದು, ಕಟರಿನ ಮೊನೆಯಿಂದ ಮೆಲ್ಲಗೆ ಬಿಡಿಸಿಕೊಳ್ಳಿ.