ಫೆಲ್ಟ್ ಬಟ್ಟೆಯಲ್ಲಿ ನಮ್ಮ ಶರತ್ಕಾಲ: ಕೈಹೊಲಿಗೆಯ ವಾಲ್ ಹ್ಯಾಂಗಿಂಗ್ ಮಾಡುವ ಕ್ರಮ

ಶರತ್ಕಾಲದ ವಾಲ್ ಹ್ಯಾಂಗಿಂಗ್ ಮಾದರಿಗಳನ್ನು ಹುಡುಕಿದರೆ ಕೆಂಪು ಮೇಪಲ್ ಎಲೆಗಳು, ಓಕ್ ಮರದ ಕಾಯಿಗಳು, ಕಿತ್ತಳೆ ಬಣ್ಣದ ಕುಂಬಳಕಾಯಿಗಳು ಸಾಲುಸಾಲಾಗಿ ಸಿಗುತ್ತವೆ. ಚಳಿದೇಶಗಳ ಶರತ್ಕಾಲಕ್ಕೆ ಅವು ಸರಿಯಾದ ಗುರುತುಗಳೇ. ಆದರೆ ದಾವಣಗೆರೆಯ ಸುತ್ತಮುತ್ತ ಆಶ್ವಯುಜ, ಕಾರ್ತಿಕ ಮಾಸಗಳು ಎಲೆ ಉದುರುವ ಕಾಲವಲ್ಲ. ನಮ್ಮ ಮರಗಳು ಎಲೆ ಕಳಚುವುದು ಶಿಶಿರದಲ್ಲಿ. ಶರತ್ತಿನಲ್ಲಿ ಇಲ್ಲಿ ಕಣ್ಣಿಗೆ ಬೀಳುವುದು ಕಣದಲ್ಲಿಯೂ ರಸ್ತೆಯಂಚಿನಲ್ಲಿಯೂ ಒಣಗಲು ಹರವಿದ ಮೆಕ್ಕೆಜೋಳ, ಹಬ್ಬದ ಸಂತೆಯ ಚೆಂಡುಹೂವಿನ ರಾಶಿ, ವಿಜಯದಶಮಿಯ ಸಂಜೆ ಕೈಯಿಂದ ಕೈಗೆ ದಾಟುವ ಬನ್ನಿ ಮತ್ತು ಸೀಗೆ ಹುಣ್ಣಿಮೆಯ ಚಂದ್ರ. ಈ ನಾಲ್ಕನ್ನೇ ಇಟ್ಟುಕೊಂಡು 30 ಸೆಂ.ಮೀ. ಅಗಲ, 45 ಸೆಂ.ಮೀ. ಉದ್ದದ ಒಂದು ಅಪ್ಲಿಕ್ ಚಿತ್ತಾರವನ್ನು, ಅಂದರೆ ಕತ್ತರಿಸಿದ ಆಕಾರಗಳನ್ನು ಇನ್ನೊಂದು ಬಟ್ಟೆಯ ಮೇಲೆ ಕೂರಿಸಿದ ಚಿತ್ತಾರವನ್ನು, ಹೊಲಿಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಫೆಲ್ಟ್ ಎಂಬ ವಸ್ತುವನ್ನು ಅರಿತುಕೊಳ್ಳಬೇಕು, ಏಕೆಂದರೆ ಇಡೀ ಕೆಲಸದ ಸಲೀಸು ಅದರ ಗುಣದಲ್ಲಿಯೇ ಇದೆ. ಇದು ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳು ತೇವ, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಒಂದರೊಳಗೊಂದು ಹೆಣೆದುಕೊಂಡು ಹಾಳೆಯಂತೆ ಗಟ್ಟಿಯಾಗುವುದರಿಂದ ಇದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಹಾಗಾಗಿ ಎಲ್ಲಿ ಕತ್ತರಿಸಿದರೂ ಅಂಚಿನಿಂದ ನೂಲು ಬಿಡುವುದಿಲ್ಲ. ಕೌದಿ ಹೊಲಿದವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ: ಅಲ್ಲಿ ಪ್ರತಿ ತೇಪೆಯ ಅಂಚನ್ನೂ ಒಳಮಡಚಿ ಹೊಲಿಯಬೇಕು, ಇಲ್ಲಿ ಕತ್ತರಿಸಿದ ಆಕಾರವೇ ಕೊನೆಯ ಆಕಾರ.

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಯ ಕಡೆಯ ಅಂಗಡಿಗಳಲ್ಲಾಗಲಿ, ಶಾಲಾ ಸಾಮಗ್ರಿ ಮಾರುವಲ್ಲಾಗಲಿ ಎ4 ಅಳತೆಯ ಹಾಳೆಗಳಾಗಿ ಸಿಗುವ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರಿನದು. ಅದರಲ್ಲಿ ಧಾರಾಳವಾಗಿ ಕೆಲಸ ಮಾಡಬಹುದು. ಆದರೆ ಕೊಳ್ಳುವ ಮುನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಲ್ಲಿ ತೆಳುವಾಗಿ ಕಂಡರೆ ಬಿಟ್ಟುಬಿಡಿ. ಇಂಥ ಫೆಲ್ಟಿಗೆ ಬಿಸಿ ಇಸ್ತ್ರಿ ಆಗದು. ನನ್ನ ಮೊದಲ ಚಿತ್ತಾರದಲ್ಲಿ ಹತ್ತಿ ಸೀರೆಗೆ ಇಡುವ ಬಿಸಿಯನ್ನೇ ಹಳದಿ ಫೆಲ್ಟಿಗೂ ಇಟ್ಟೆ. ಕ್ಷಣಮಾತ್ರದಲ್ಲಿ ಅದರ ಮೈ ಕರಗಿ ಮಿರುಗುವ ಗಟ್ಟಿ ಪೊರೆಯಾಯಿತು, ಎರಡು ಸಂಜೆಗಳ ಹೊಲಿಗೆ ಹಾಳಾಯಿತು. ಸುಕ್ಕು ತೆಗೆಯಬೇಕಿದ್ದರೆ ಮೇಲೆ ಹತ್ತಿ ಬಟ್ಟೆ ಹಾಸಿ, ಅತಿ ಕಡಿಮೆ ಬಿಸಿಯಲ್ಲಿ ಒತ್ತಿ ಎತ್ತಬೇಕು, ಉಜ್ಜಬಾರದು.

ಆಕಾರಗಳಿಗೆ 1 ಮಿ.ಮೀ. ದಪ್ಪದ ಫೆಲ್ಟ್ ಸಾಕು. ಆಕಾರಗಳನ್ನು ಕೂರಿಸುವ ಅಡಿಯ ಬಟ್ಟೆಗೆ, ಅಂದರೆ ನೆಲಬಟ್ಟೆಗೆ, 2ರಿಂದ 3 ಮಿ.ಮೀ. ದಪ್ಪ ಬೇಕು, ಬಣ್ಣ ಕಡುನೀಲಿ ಅಥವಾ ಕಪ್ಪು; ಅದು ಹುಣ್ಣಿಮೆಯ ಇರುಳು. ಮೇಲ್ಗಡೆಯ ಮಡಿಕೆಗೆಂದು 4 ಸೆಂ.ಮೀ. ಹೆಚ್ಚಾಗಿ ಸೇರಿಸಿ 49 ಸೆಂ.ಮೀ. ಉದ್ದ ಕತ್ತರಿಸಿಕೊಳ್ಳಿ. ನನಗೆ ಇದಕ್ಕಿಂತ ಇಷ್ಟವಾದ ನೆಲಬಟ್ಟೆ ಇನ್ನೊಂದಿದೆ: ಚಳ್ಳಕೆರೆಯ ಕಡೆಯ ಕುರಿಯುಣ್ಣೆಯ ಕರಿ ಕಂಬಳಿ. ಮನೆಯಲ್ಲಿ ಹಳೆಯ ಕಂಬಳಿಯಿದ್ದು ಅದರ ಒಂದು ಭಾಗ ಗಟ್ಟಿಯಾಗಿ ಉಳಿದಿದ್ದರೆ ಅದನ್ನೇ ಬಳಸಿರಿ. ಬಣ್ಣ ಹಾಕದ ಆ ಉಣ್ಣೆಯ ಕಪ್ಪಿನಲ್ಲಿ ಕಂದು ಎಳೆಗಳೂ ಬೂದು ಎಳೆಗಳೂ ಬೆರೆತಿರುತ್ತವೆ, ಅದರ ಮೇಲೆ ಹಳದಿ ಬಹಳ ಚೆನ್ನಾಗಿ ಬೆಳಗುತ್ತದೆ. ಕಂಬಳಿ ನೇಯ್ದ ಬಟ್ಟೆಯಾದ್ದರಿಂದ ಅದರ ಅಂಚನ್ನು ಮಾತ್ರ ಮೊದಲೇ ಸುತ್ತುಹೊಲಿಗೆಯಿಂದ ಭದ್ರಪಡಿಸಬೇಕು.

ಉಳಿದ ಸಾಮಗ್ರಿ ಕಡಿಮೆ: ಆರೆಳೆಯ ಕಸೂತಿ ದಾರ, 7 ಅಥವಾ 8ನೇ ನಂಬರಿನ ಕಸೂತಿ ಸೂಜಿ, ಬಟರ್ ಪೇಪರ್, ಪಾರದರ್ಶಕ ಟೇಪು, ಚೂಪಾದ ಚಿಕ್ಕ ಕತ್ತರಿ, ಹಿಂಬದಿಗೆ ತೆಳುವಾದ ಹತ್ತಿ ಬಟ್ಟೆ, 35 ಸೆಂ.ಮೀ. ಉದ್ದದ ಬೆರಳುಗಾತ್ರದ ಒಂದು ಕೋಲು. ಕಡುಬಣ್ಣದ ಬಟ್ಟೆಯ ಮೇಲೆ ಗುರುತು ಹಾಕಲು ಸವೆದ ಸೋಪಿನ ಚೂರು ಚಾಕಿಗಿಂತ ಮೇಲು.

ಆಕಾರಗಳನ್ನು ಬಟರ್ ಪೇಪರಿನ ಮೇಲೆ ಬರೆದು, ಗೆರೆಯ ಸುತ್ತ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ, ಫೆಲ್ಟಿನ ಮೇಲಿಟ್ಟು ಟೇಪಿನಿಂದ ಅಂಟಿಸಿ, ಕಾಗದ ಮತ್ತು ಫೆಲ್ಟ್ ಎರಡನ್ನೂ ಒಟ್ಟಿಗೇ ಗೆರೆಯ ಮೇಲೆ ಕತ್ತರಿಸಿಕೊಳ್ಳಬೇಕು. ಗುಂಡುಪಿನ್ನು ಚುಚ್ಚಿದರೆ ಫೆಲ್ಟ್ ಉಬ್ಬಿ ಗೆರೆ ಜಾರುತ್ತದೆ. ದುಂಡಾದ ಭಾಗಗಳಲ್ಲಿ ಕತ್ತರಿ ಹಿಡಿದ ಕೈ ಅಲುಗದಿರಲಿ, ಇನ್ನೊಂದು ಕೈಯಲ್ಲಿ ಫೆಲ್ಟನ್ನು ತಿರುಗಿಸುತ್ತಾ ಹೋಗಿ. ಆಗ ಅಂಚಿನಲ್ಲಿ ಮೆಟ್ಟಿಲು ಮೂಡುವುದಿಲ್ಲ. ಬೇಕಾಗುವುದು ಕೆನೆಬಣ್ಣದ, 9 ಸೆಂ.ಮೀ. ಅಡ್ಡಳತೆಯ ಒಬ್ಬ ಚಂದ್ರ, 9 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಎರಡು ಹಳದಿ ತೆನೆಗಳು; ಪ್ರತಿ ತೆನೆಗೆ ಒಣಹುಲ್ಲಿನ ಬಣ್ಣದ ಮೂರು ಸಿಪ್ಪೆಗಳು; ಮೂರು ಚೆಂಡುಹೂಗಳಿಗೆ ಒಂದೊಂದಕ್ಕೆ 6, 4.5 ಮತ್ತು 3 ಸೆಂ.ಮೀ. ಅಡ್ಡಳತೆಯ ಮೂರು ಬಿಲ್ಲೆಗಳು.

ಎಲ್ಲವನ್ನೂ ಹೊಲಿಗೆಯಿಲ್ಲದೆ ನೆಲಬಟ್ಟೆಯ ಮೇಲೆ ಜೋಡಿಸಿ ನೋಡಿ. ಚಂದ್ರ ಮೇಲ್ಭಾಗದಲ್ಲಿ ನಡುವಿನಿಂದ ತುಸು ಬಲಕ್ಕಿರಲಿ. ತೆನೆಗಳು ಕೆಳಗೆ ಎಡಬದಿಯಲ್ಲಿ ಓರೆಯಾಗಿ ಒಂದರ ಪಕ್ಕ ಒಂದು. ಹೂಗಳು ಅವುಗಳ ಬುಡದಿಂದ ಬಲಕ್ಕೆ ಹರಡಿಕೊಳ್ಳಲಿ. ಬನ್ನಿಯ ರೆಂಬೆಗೆ ಎಡಮೇಲಿನಿಂದ ಚಂದ್ರನ ಮುಂದೆ ಹಾಯ್ದು ಹೋಗುವಷ್ಟು ಜಾಗ ಬಿಡಿ. ಸುತ್ತಲೂ 2 ಸೆಂ.ಮೀ. ಅಂಚು ಖಾಲಿ ಬಿಡುವುದನ್ನು ಮರೆಯಬೇಡಿ. ಜೋಡಣೆ ಒಪ್ಪಿಗೆಯಾದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡು, ಒಂದೊಂದೇ ತುಂಡನ್ನು ದೊಡ್ಡ ಕಚ್ಚಾ ಟಾಕುಗಳಿಂದ ಹಿಡಿದು ನಿಲ್ಲಿಸಿ. ಯಾವುದು ಅಡಿಯಲ್ಲಿರಬೇಕೋ ಅದನ್ನು ಮೊದಲು ಹೊಲಿಯಬೇಕು.

ಇನ್ನು ಹೊಲಿಗೆ. ಆರೆಳೆಯ ದಾರದಿಂದ ಎರಡೆಳೆಗಳನ್ನು ಬಿಡಿಸಿಕೊಳ್ಳಿ. ದಾರ ಒಂದು ಮೊಳಕ್ಕಿಂತ ಉದ್ದವಿದ್ದರೆ ಪ್ರತಿ ಸಲ ಫೆಲ್ಟಿನ ಮೂಲಕ ಹಾಯುವಾಗ ಸವೆದು ಕೊನೆಗೆ ಎಳೆಎಳೆಯಾಗಿ ಬಿಡುತ್ತದೆ. ಆಕಾರದ ಬಣ್ಣದ್ದೇ ದಾರವಿರಲಿ. ಸೂಜಿಯನ್ನು ಆಕಾರದ ಅಂಚಿಗೆ ತಾಗಿದಂತೆ ನೆಲಬಟ್ಟೆಯಿಂದ ಮೇಲೆತ್ತಿ, ಅಂಚಿಗೆ ನೇರವಾಗಿ 2 ಮಿ.ಮೀ. ಒಳಗೆ ಆಕಾರದ ಮೇಲೆ ಕೆಳಗಿಳಿಸಿ. ಮುಂದಿನ ಹೊಲಿಗೆ 3 ಮಿ.ಮೀ. ದೂರದಲ್ಲಿ. ಮೇಲೆ ಬರುವ ಸೂಜಿ ನೆಲಬಟ್ಟೆಯಲ್ಲಿಯೇ ಬಂದರೆ ಆಕಾರ ಮೇಲಕ್ಕೆ ಎದ್ದುಬರುವುದಿಲ್ಲ, ಕೆಳಗಿಳಿಯುವ ಸೂಜಿ ಅದನ್ನು ಒತ್ತಿ ಕೂರಿಸುತ್ತದೆ. ದಾರವನ್ನು ಎಳೆಯುವಾಗ ಅಂಚಿನಲ್ಲಿ ಗುಳಿ ಬಿತ್ತೆಂದರೆ ಬಿಗಿ ಹೆಚ್ಚಾಯಿತು. ದಾರ ಫೆಲ್ಟಿನ ಮೈಮೇಲೆ ಸುಮ್ಮನೆ ಮಲಗಿದಂತಿರಬೇಕು. ಚಂದ್ರನ ಸುತ್ತಳತೆ ಸುಮಾರು 28 ಸೆಂ.ಮೀ. ಇರುವುದರಿಂದ ಅಲ್ಲೇ ಹತ್ತಿರ ಹತ್ತಿರ 95 ಹೊಲಿಗೆಗಳು ಬೇಕಾಗುತ್ತವೆ, ಅದಕ್ಕೆ ಅವಸರ ಮಾಡಬಾರದು. ಸಿಪ್ಪೆಯಂಥ ಚೂಪು ತುದಿಗಳಲ್ಲಿ ತುದಿಗೆ ನೇರವಾಗಿ ಒಂದು ಹೊಲಿಗೆ, ಅದರ ಎರಡು ಬದಿಗೂ ತೀರ ಹತ್ತಿರದಲ್ಲಿ ಒಂದೊಂದು ಹಾಕಿದರೆ ತುದಿ ಎಂದೂ ಮೇಲೇಳುವುದಿಲ್ಲ. ಅಂಚು ಎದ್ದು ಕಾಣಲೆಂದು ಕಂಬಳಿ ಹೊಲಿಗೆ (ಬ್ಲಾಂಕೆಟ್ ಸ್ಟಿಚ್, ಅಂಚಿನುದ್ದಕ್ಕೂ ದಾರದ ಕುಣಿಕೆ ಕೂರುವ ಹೊಲಿಗೆ) ಹಾಕುವವರಿದ್ದಾರೆ. ಚಿಕ್ಕ ಆಕಾರಗಳಿಗೆ ಅದು ಭಾರವಾಗುತ್ತದೆಂದು ನನ್ನ ಅಭಿಪ್ರಾಯ, ಹೊರ ಅಂಚಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.

ಮೆಕ್ಕೆಜೋಳವನ್ನು ಹೊಲಿಯುವ ಮುನ್ನ ಒಂದು ನಿಜವಾದ ತೆನೆಯನ್ನು ಕೈಯಲ್ಲಿ ಹಿಡಿದು ಎಣಿಸಿ ನೋಡಿ. ಅದರ ಸುತ್ತ ಕಾಳಿನ ಸಾಲುಗಳು 12, 14, 16 ಹೀಗೆ ಸರಿಸಂಖ್ಯೆಯಲ್ಲಿಯೇ ಇರುತ್ತವೆ, ಏಕೆಂದರೆ ಕಾಳಾಗುವ ಹೂಗಳು ತೆನೆಯ ಮೇಲೆ ಜೋಡಿಯಾಗಿ ಹುಟ್ಟುತ್ತವೆ. 12 ಸಾಲಿನ ತೆನೆಯಲ್ಲಿ ನಮ್ಮ ಕಣ್ಣಿಗೆ ಕಾಣುವುದು ಅರ್ಧ, ಅಂದರೆ ಆರು. ಆದ್ದರಿಂದ ಹಳದಿ ಫೆಲ್ಟಿನ ಮೇಲೆ ಉದ್ದಕ್ಕೆ ಐದು ಗೆರೆಗಳನ್ನು ಸಾಸಿವೆ ಬಣ್ಣದ ದಾರದಲ್ಲಿ ಹಿಮ್ಮುಖ ಹೊಲಿಗೆಯಿಂದ (ಬ್ಯಾಕ್ ಸ್ಟಿಚ್, ಪ್ರತಿ ಸಲ ಹಿಂದಿನ ಹೊಲಿಗೆಯ ತುದಿಗೆ ಮರಳುವ ಹೊಲಿಗೆ) ಹಾಕಿದರೆ ಆರು ಸಾಲು ಮೂಡುತ್ತವೆ. ತೆನೆ ದುಂಡಗಿರುವುದರಿಂದ ನಡುವಿನ ಸಾಲುಗಳು ಅಗಲವಾಗಿಯೂ ಅಂಚಿನವು ಕಿರಿದಾಗಿಯೂ ಇರಲಿ. ಆ ಸಾಲುಗಳೊಳಗೆ ಅಡ್ಡಕ್ಕೆ ಗಿಡ್ಡ ಹೊಲಿಗೆಗಳನ್ನು ಹಾಕುತ್ತಾ ಬಂದಂತೆ ಕಾಳುಗಳು ಒಂದೊಂದಾಗಿ ಬೇರ್ಪಡುತ್ತವೆ. ಎರಡು ಸಿಪ್ಪೆಗಳನ್ನು ತೆನೆಯ ಅಡಿಗೆ ಸೇರಿಸಿ, ಮೂರನೆಯದನ್ನು ಬುಡದ ಮೇಲೆ ಹಾಯಿಸಿ ಅರ್ಧ ಮುಚ್ಚಿ. ತುದಿಯಲ್ಲಿ ಕಂದು ದಾರದ ನಾಲ್ಕೈದು ಎಳೆಗಳನ್ನು ಬಿಡಿಯಾಗಿ ಬಿಟ್ಟರೆ ಅದು ಒಣಗಿದ ತೆನೆಯ ಕೂದಲು.

ಚೆಂಡುಹೂವಿನ ಬಿಲ್ಲೆಗಳ ಅಂಚಿನಲ್ಲಿ ಅರ್ಧ ಸೆಂ.ಮೀ. ಅಂತರಕ್ಕೆ ಕಚ್ಚು ಹಾಕಿ, ಪ್ರತಿ ಹಲ್ಲಿನ ಮೂಲೆಯನ್ನು ದುಂಡಗೆ ಸವರಿ. ಅಡಿಯ ಬಿಲ್ಲೆ ಗಾಢ ಕಿತ್ತಳೆ, ನಡುವಿನದು ತಿಳಿಗಿತ್ತಳೆ, ಮೇಲಿನದು ಹಳದಿ. ಅಡಿಯದನ್ನು ಸುತ್ತಲೂ ಹೊಲಿದು, ಮೇಲಿನ ಎರಡನ್ನು ನಡುವಿನಲ್ಲಿ ಮಾತ್ರ ಬೆರಳುಗುರಿನಷ್ಟು ವೃತ್ತದಲ್ಲಿ ಹೊಲಿಯಿರಿ; ಅಂಚುಗಳು ಬಿಡಿಯಾಗಿ ಎದ್ದು ನಿಂತು ಹೂವಿಗೆ ಅದರ ಒತ್ತು ಬರುತ್ತದೆ. ಮೂರು ಹೂಗಳ ಹಲ್ಲುಗಳೂ ಒಂದೇ ದಿಕ್ಕಿಗಿರದಂತೆ ಬಿಲ್ಲೆಗಳನ್ನು ತುಸು ತಿರುಗಿಸಿಡಿ.

ಬನ್ನಿಯ ಎಲೆಯನ್ನು ಫೆಲ್ಟಿನಲ್ಲಿ ಕತ್ತರಿಸಲು ಹೋಗಬೇಡಿ. ಅದರ ಕಿರುಎಲೆಗಳು ಅಷ್ಟು ಚಿಕ್ಕವು, ಕಡ್ಡಿಯ ಎರಡು ಬದಿಗೂ ಜೊತೆಜೊತೆಯಾಗಿ ಕೂತಿರುತ್ತವೆ. ಅವನ್ನು ದಾರದಲ್ಲಿಯೇ ಮೂಡಿಸಬೇಕು: ಕಂದು ದಾರದಲ್ಲಿ ಕಾಂಡದ ಹೊಲಿಗೆಯಿಂದ (ಸ್ಟೆಮ್ ಸ್ಟಿಚ್, ಒಂದರ ಪಕ್ಕಕ್ಕೊಂದು ಒರಗಿ ಹಗ್ಗದಂತೆ ಸಾಗುವ ಹೊಲಿಗೆ) ರೆಂಬೆ, ಅದರಿಂದ ಕವಲೊಡೆದ ಕಡ್ಡಿಗಳು, ಪ್ರತಿ ಕಡ್ಡಿಗೆ ಹತ್ತು ಜೊತೆಯಷ್ಟು ಅರ್ಧ ಸೆಂ.ಮೀ. ಉದ್ದದ ನೇರ ಹೊಲಿಗೆಗಳು, ಎಲ್ಲವೂ ತುದಿಯ ಕಡೆಗೆ ಓರೆಯಾಗಿ. ಚಂದ್ರನ ಮೇಲೆ ಬರುವ ಎಲೆಗಳಿಗೆ ಕಡುಹಸಿರು ದಾರ ಹಿಡಿಯಿರಿ. ರೆಂಬೆ ಚಂದ್ರನನ್ನು ದಾಟಿ ಕಪ್ಪಿನ ಮೇಲೆ ಬಂದ ಕೂಡಲೇ ಬೂದುಹಸಿರಿಗೆ ಬದಲಾಯಿಸಿ, ಇಲ್ಲದಿದ್ದರೆ ಇರುಳಿನಲ್ಲಿ ಎಲೆಗಳು ಕಳೆದುಹೋಗುತ್ತವೆ. ಈ ಬದಲಾವಣೆಯಿಂದಲೇ ಚಂದ್ರ ಹಿಂದೆ ಹೊಳೆಯುತ್ತಿರುವಂತೆ ತೋರುತ್ತಾನೆ.

ಎಲ್ಲ ಮುಗಿದ ಮೇಲೆ ಕಚ್ಚಾ ಟಾಕು ಬಿಚ್ಚಿ, ಮೇಲ್ಗಡೆಯ 4 ಸೆಂ.ಮೀ. ಅನ್ನು ಹಿಂದಕ್ಕೆ ಮಡಚಿ ಕೋಲು ತೂರುವಷ್ಟು ಕೊಳವೆಯಾಗಿ ಹೊಲಿಯಿರಿ. ಗಂಟುಗಳು ಕಾಣದಂತೆ ಹಿಂಬದಿಗೆ ಹತ್ತಿ ಬಟ್ಟೆ ಹಚ್ಚಿ, ಮೂರು ಬದಿಯ ಹೊರ ಅಂಚಿಗೂ ಸಾಸಿವೆ ಬಣ್ಣದ ಮೂರೆಳೆ ದಾರದಲ್ಲಿ ಕಂಬಳಿ ಹೊಲಿಗೆ ಹಾಕಿ. ಕೆಳಗಿನ ಅಂಚು ಮುಚ್ಚುವ ಮುನ್ನ ತೆಳುವಾದ ಬಿದಿರಿನ ದಬ್ಬೆಯೊಂದನ್ನು ಒಳಗೆ ಸೇರಿಸಿದರೆ ಬಟ್ಟೆ ಸುರುಳಿಯಾಗದೆ ನೆಟ್ಟಗೆ ತೂಗುತ್ತದೆ.

ನೇರ ಬಿಸಿಲು ಬೀಳುವ ಗೋಡೆ ಇದಕ್ಕೆ ಬೇಡ, ಬಣ್ಣ ಬಿಳಚುತ್ತದೆ. ಇದನ್ನು ನೀರಿಗೆ ಹಾಕಬಾರದು. ಧೂಳನ್ನು ಮೃದುವಾದ ಬ್ರಷ್‌ನಿಂದ ಮೇಲಿನಿಂದ ಕೆಳಗೆ ತೆಗೆಯಬೇಕು. ನಮ್ಮ ಮನೆಯಲ್ಲಿ ಘಟಸ್ಥಾಪನೆಯ ದಿನ ತೂಗುಹಾಕಿ ಕಾರ್ತಿಕ ಮುಗಿದ ಮೇಲೆ ಇಳಿಸುತ್ತೇವೆ. ಮಡಚದೆ, ಚಿತ್ತಾರ ಹೊರಮುಖವಾಗುವಂತೆ ಕೋಲಿಗೆ ಸಡಿಲವಾಗಿ ಸುತ್ತಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಕಟ್ಟಿಡಿ. ನೆಲಬಟ್ಟೆ ಕಂಬಳಿಯದಾಗಿದ್ದರೆ ಉಣ್ಣೆಗೆ ನುಸಿ ಹಿಡಿಯದಂತೆ ಒಣಗಿದ ಬೇವಿನೆಲೆಯನ್ನು ಜೊತೆಗಿಟ್ಟು, ಮಳೆಗಾಲ ಕಳೆದ ಮೇಲೆ ಒಮ್ಮೆ ಬಿಚ್ಚಿ ನೆರಳಿನ ಗಾಳಿಗೆ ಹರವಿ.