ಪ್ರಾಂಪ್ಟರ್ ಇಲ್ಲದ ಬಿಜ್ಜಳ: ಇಪ್ಪತ್ತು ವರ್ಷದ ಮೇಲೆ ಮತ್ತೆ ಬಣ್ಣ ಹಚ್ಚಿದ್ದು

52ನೇ ವಯಸ್ಸಿನಲ್ಲಿ ಲಂಕೇಶರ 'ಸಂಕ್ರಾಂತಿ' ನಾಟಕದಲ್ಲಿ ಕಲ್ಯಾಣದ ದೊರೆ ಬಿಜ್ಜಳನ ಪಾತ್ರವನ್ನು ಪ್ರಾಂಪ್ಟರ್, ಅಂದರೆ ಮರೆಯಲ್ಲಿ ಕೂತು ಮಾತು ಹೇಳಿಕೊಡುವವನು, ಇಲ್ಲದೆ ಆಡಿ ಮುಗಿಸಿದ್ದೇನೆ. ಇದು ನನ್ನಿಂದ ಆಗುವುದಿಲ್ಲ ಅಂದವರು ಬಹಳ ಜನ. ಅವರಲ್ಲಿ ಅರ್ಧ ನಮ್ಮ ತಂಡದವರೇ. ಹಾಗಾಗಿ ಹೇಗೆ ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ನಾಟಕ ಮಾಡಿ ಗೊತ್ತಿರುವವರಿಗೆ ಅಂತಲೇ ಬರೆದದ್ದು. ಬ್ಲಾಕಿಂಗ್ ಅಂದರೇನು, ಕ್ಯೂ ಅಂದರೇನು ಅಂತ ಇಲ್ಲಿ ವಿವರಿಸುವುದಿಲ್ಲ.

ನಾನು ಅಡಿಕೆ ಬೆಳೆಯುವವನು, ತೀರ್ಥಹಳ್ಳಿ ಸೀಮೆ. ಓದುವಾಗ ಶಿವಮೊಗ್ಗದಲ್ಲಿ ಹವ್ಯಾಸಿ ತಂಡವೊಂದರಲ್ಲಿ ಐದಾರು ವರ್ಷ ಆಡಿದ್ದೆ. ಆಮೇಲೆ ಅಪ್ಪ ತೀರಿಕೊಂಡರು, ತೋಟ ತಲೆಗೆ ಬಂತು. ಮದುವೆ, ಮಕ್ಕಳು, ಬೆಳೆ ಸಾಲ. ನಾಟಕದ ನಂಟು ಅಂದರೆ ವರ್ಷಕ್ಕೊಮ್ಮೆ ಹೆಗ್ಗೋಡಿಗೆ ಹೋಗಿ ನೀನಾಸಂ ತಿರುಗಾಟದ ನಾಟಕ ನೋಡುವುದು, ವಾಪಸ್ ಬರುವಾಗ ಬೈಕಿನ ಮೇಲೆ 'ಆ ಪಾತ್ರ ನನಗೆ ಸಿಕ್ಕಿದ್ದರೆ ಹೀಗೆ ಮಾಡುತ್ತಿದ್ದೆ' ಅಂದುಕೊಳ್ಳುವುದು. ಈ ಕಾಯಿಲೆ ನಿಮಗೂ ಗೊತ್ತಿರುತ್ತದೆ, ಅಲ್ವಾ?

ನಮ್ಮ ಊರಿನ ತಂಡಕ್ಕೆ ಬಿಜ್ಜಳ ಬೇಕಾಗಿದ್ದ. ಮೊದಲು ಒಪ್ಪಿಕೊಂಡಿದ್ದ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. ಮೇಷ್ಟ್ರು ನನ್ನ ಹೆಸರು ಹೇಳಿದರು. ನಿರ್ದೇಶಕರನ್ನು ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುವುದು. ನಾನು ಒಂದೇ ಶರತ್ತು ಹಾಕಿದೆ: ಪ್ರಾಂಪ್ಟಿಂಗ್ ಬೇಡ.

ನಮ್ಮ ಕಡೆ ಇದನ್ನು ಯಾರೂ ನಂಬುವುದಿಲ್ಲ. ಹಬ್ಬದ ನಾಟಕಗಳಲ್ಲಿ ಸೈಡ್ ವಿಂಗ್ ಹಿಂದೆ ಟಾರ್ಚು ಹಿಡಿದು ಒಬ್ಬ ಕೂತೇ ಇರುತ್ತಾನೆ. ಮೊದಲು ಅವನ ಮಾತು ಕೇಳುತ್ತದೆ, ಆಮೇಲೆ ನಟನ ಮಾತು. ಮುಂದೆ ಕೂತವರಿಗೆ ಒಂದೇ ಟಿಕೆಟಿಗೆ ಎರಡು ನಾಟಕ. "ಈ ವಯಸ್ಸಿಗೆ ಅಷ್ಟು ಮಾತು ತಲೆಯಲ್ಲಿ ನಿಲ್ಲೋದಿಲ್ಲ ಭಾವ, ಸುಮ್ನೆ ಹಠ ಮಾಡಬೇಡ" ಅಂತ ಬಸವಣ್ಣನ ಪಾತ್ರದವರು ಮೊದಲ ರೀಡಿಂಗ್‌ನಲ್ಲೇ ಹೇಳಿದರು. ಅವರು ನನಗಿಂತ ಹತ್ತು ವರ್ಷ ಚಿಕ್ಕವರು, ಬಿಟ್ಟೂಬಿಡದೆ ಆಡಿಕೊಂಡು ಬಂದವರು.

ಜೂನ್‌ನಲ್ಲಿ ಹಳೇ ದಾರಿಯಲ್ಲೇ ಶುರು ಮಾಡಿದೆ. ಪುಸ್ತಕದಲ್ಲಿ ನನ್ನ ಮಾತಿಗೆಲ್ಲ ಕೆಂಪು ಗೆರೆ ಎಳೆದು, ರಾತ್ರಿ ಊಟದ ಮೇಲೆ ಉರು ಹೊಡೆಯುವುದು. ಕಾಲೇಜಿನಲ್ಲಿ ನಾಲ್ಕು ದಿನಕ್ಕೆ ಆಗುತ್ತಿದ್ದ ಕೆಲಸ. ಈಗ ಬೆಳಿಗ್ಗೆ ಎದ್ದರೆ ಮೊದಲ ದೃಶ್ಯದ ಅರ್ಧ ಮಾತ್ರ ಉಳಿದಿರುತ್ತಿತ್ತು. ಬಿಜ್ಜಳ ಒಂದೇ ಉಸಿರಿನಲ್ಲಿ ಮನಸ್ಸು ಬದಲಾಯಿಸುವವನು. ರಾಜನ ಹಾಗೆ ಗದರುತ್ತಾನೆ, ಗೆಳೆಯನ ಹಾಗೆ ಕೆಣಕುತ್ತಾನೆ. ಅರ್ಥದ ದಾರಿ ಹಿಡಿಯದೆ ಬರೀ ಉರು ಹೊಡೆದರೆ ತಿರುವಿನಲ್ಲೆಲ್ಲ ಮಾತು ತಪ್ಪುತ್ತದೆ.

ಹಾಗಾಗಿ ಫೋನಿನ ಉಪಾಯ. ಎದುರು ಪಾತ್ರದ ಮಾತು ಮಾತ್ರ ರೆಕಾರ್ಡ್ ಮಾಡಿ, ನನ್ನ ಮಾತಿನ ಜಾಗ ಖಾಲಿ ಬಿಡುವುದು. ಮಕ್ಕಳಾಟ ಅಂತ ತಂಡದಲ್ಲಿ ನಕ್ಕರು. ನನ್ನ ಹೆಂಡತಿ ಓದಿಕೊಟ್ಟಳು. ಬಸವಣ್ಣ, ರುದ್ರ, ಉಜ್ಜ ಎಲ್ಲಾ ಅವಳೇ. ಎರಡು ವಾರ ಕಿವಿಯಲ್ಲಿ ಅದೇ ಇತ್ತು, ಮನೆಯಲ್ಲಿ ಮಾತು ನೀರು ಕುಡಿದಷ್ಟು ಸಲೀಸು. ರಿಹರ್ಸಲ್‌ಗೆ ಹೋದರೆ ಎದುರಿನವರು ಗಡಸು ದನಿಯಲ್ಲಿ ಶುರು ಮಾಡಿದರು, ನನಗೆ ಬಾಯಿಯೇ ಬರಲಿಲ್ಲ. ಕಿವಿಗೆ ಗೊತ್ತಿದ್ದ ಬಸವಣ್ಣನೇ ಬೇರೆ! "ಎಂತ ಮಾರಾಯ, ಕಲ್ಯಾಣ ಬಿಟ್ಟು ಎಲ್ಲಿಗೆ ಹೋದೆ?" ಅಂದರು ಮೇಷ್ಟ್ರು. ಎಲ್ಲರೂ ನಕ್ಕಿದ್ದು ಇನ್ನೂ ನೆನಪಿದೆ.

ಆಮೇಲೆ ಒಬ್ಬೊಬ್ಬರ ಬೆನ್ನು ಬಿದ್ದು, ಅವರವರ ಮಾತನ್ನು ಅವರವರ ದನಿಯಲ್ಲೇ ವಾಟ್ಸಾಪ್‌ನಲ್ಲಿ ತರಿಸಿಕೊಂಡೆ. ಉಷಾ ಪಾತ್ರದ ಹುಡುಗಿ ಬಸ್ಸಿನಲ್ಲಿ ಕೂತು ಕಳಿಸಿದ್ದಳು, ಹಿಂದೆ ಕಂಡಕ್ಟರನ ಸೀಟಿ. ಪರವಾಗಿಲ್ಲ. ಆದರೆ ಖಾಲಿ ಜಾಗದ ಲೆಕ್ಕ ಕೈಕೊಟ್ಟಿತು. ಹತ್ತು ಸೆಕೆಂಡ್ ಬಿಟ್ಟರೆ ಹತ್ತರೊಳಗೆ ಮುಗಿಸುವ ಅವಸರ ಹತ್ತುತ್ತದೆ. ಬಿಜ್ಜಳ ಕೊನೇ ಬಸ್ಸು ಹಿಡಿಯುವವನ ಹಾಗೆ ಮಾತಾಡತೊಡಗಿದ. ಖಾಲಿ ಜಾಗ ಪೂರ್ತಿ ತೆಗೆದೆ. ಇಯರ್‌ಫೋನಿನ ಗುಂಡಿ ಒತ್ತಿ ನಿಲ್ಲಿಸುವುದು, ನನ್ನ ಮಾತು ನನ್ನ ಓಟದಲ್ಲೇ ಮುಗಿಸಿ, ಮತ್ತೆ ಒತ್ತುವುದು. ಅಲ್ಲಿಂದ ದಾರಿ ಸಿಕ್ಕಿತು.

ಇನ್ನೊಂದು ತೊಡಕು ಯಾರೂ ಹೇಳಿರಲಿಲ್ಲ. ತೋಟದಲ್ಲಿ ನಡೆಯುತ್ತಾ ಕಲಿತ ಮಾತು ತೋಟದಲ್ಲಿ ಮಾತ್ರ ಬರುತ್ತಿತ್ತು. ಬಸಿಗಾಲುವೆ ದಾಟುವ ಹೊತ್ತಿಗೆ ಸರಿಯಾಗಿ ಒಂದು ಮಾತು, ಬಾಳೆಗಿಡದ ಹತ್ತಿರ ಇನ್ನೊಂದು. ರಂಗದ ಮೇಲೆ ಬಾಳೆಗಿಡ ಎಲ್ಲಿಂದ ಬರಬೇಕು? ಅದಕ್ಕೇ ಒಂದೇ ದೃಶ್ಯವನ್ನು ಒಂದು ದಿನ ತೋಟದಲ್ಲಿ, ಒಂದು ದಿನ ಕೊಟ್ಟಿಗೆಯಲ್ಲಿ, ಒಂದು ದಿನ ಬೈಕಿನ ಮೇಲೆ ಹೇಳಿ ನೋಡಿದೆ. ಮೂರೂ ಕಡೆ ಬಂದರೆ ಮಾತ್ರ ಬಂತು ಅಂತ ಲೆಕ್ಕ.

ಕಲಿತದ್ದು ಕೊನೆಯಿಂದ ಮೊದಲಿಗೆ. ಕೊನೇ ದೃಶ್ಯ ಮೊದಲು, ಆಮೇಲೆ ಅದರ ಹಿಂದಿನದು, ಆಮೇಲೆ ಎರಡೂ ಸೇರಿಸಿ. ಮೊದಲಿಂದ ಕಲಿತವರಿಗೆ ಕೊನೇ ದೃಶ್ಯ ಯಾವಾಗಲೂ ಹಸಿ. ನನ್ನದು ತಿರುಗಾಮುರುಗಾ. ನಾಟಕ ಮುಂದೆ ಹೋದಷ್ಟೂ ಹೆಚ್ಚು ಪಳಗಿದ ಜಾಗಕ್ಕೆ ಬರುತ್ತೇನೆ, ಎದೆ ಹಗುರ ಆಗುತ್ತಾ ಹೋಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪುಸ್ತಕ ಮುಚ್ಚಿ, ಪದದ ಮೊದಲಕ್ಷರ ಮಾತ್ರ ಇರುವ ಚೀಟಿ ಮಾಡಿಕೊಂಡೆ. 'ಅರಮನೆ ಬಾಗಿಲು ಯಾರಿಗೂ ಮುಚ್ಚಿಲ್ಲ' ಅನ್ನುವುದಕ್ಕೆ 'ಅ ಬಾ ಯಾ ಮು'. ಇದು ನಾಟಕದ ಮಾತಲ್ಲ, ಉದಾಹರಣೆಗೆ ಹೇಳಿದೆ. ಅಂಗಿ ಜೇಬಿನಲ್ಲಿ ಹಿಡಿಸುತ್ತದೆ. ಸೊಸೈಟಿ ಮೀಟಿಂಗಿನಲ್ಲಿ ಕೂತು ನೋಡಿದರೂ ಯಾರಿಗೂ ಗೊತ್ತಾಗುವುದಿಲ್ಲ.

ನವೆಂಬರ್ ಬಂತು, ಕೊಯ್ಲು ಶುರುವಾಯಿತು, ರಿಹರ್ಸಲ್ ಬಿದ್ದುಹೋಯಿತು. ತಂಡದಲ್ಲಿ ಮುಕ್ಕಾಲು ಪಾಲು ತೋಟದವರೇ. ಕೊನೆಗೆ ಸುಲಿಯುವ ಕಡೆಗೇ ನಾಟಕ ಒಯ್ದೆವು. ರಾತ್ರಿ ನಮ್ಮ ಮನೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಮಾತು ಓಡಿಸುವುದು. ಕೈ ಒಂದು ಕೆಲಸ ಮಾಡುತ್ತಿರುವಾಗ ಬಾಯಿಗೆ ಮಾತು ಬಂದರೆ ಅದು ನಿಜವಾಗಿ ಬಂದ ಹಾಗೆ. ಸುಲಿಯಲು ಬಂದ ಹೆಂಗಸರು ನನ್ನ ಮಾತು ನನಗಿಂತ ಮೊದಲು ಕಲಿತರು. ನಾನು ಒಂದು ಪದ ನುಂಗಿದರೆ ಆ ಕಡೆಯಿಂದ ಬರುತ್ತಿತ್ತು, "ಅಯ್ಯಾ, ಅಲ್ಲೊಂದು ಬಿಟ್ರಲ್ಲ!" ಪ್ರಾಂಪ್ಟರ್ ಬೇಡ ಅಂದವನಿಗೆ ಏಳೆಂಟು ಪ್ರಾಂಪ್ಟರುಗಳು.

ನಡುವೆ ಬೇರೆ ಹುಚ್ಚುಗಳೂ ಇದ್ದವು. ದನಿ ದೊಡ್ಡದು ಮಾಡಿಕೊಳ್ಳಬೇಕು ಅಂತ ಜುಲೈ ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ನಿಂತು, ಮಳೆ ಸದ್ದನ್ನು ಮೀರಿಸಿ ಮಾತಾಡಿ ನೋಡಿದೆ. ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ. ನಾಲ್ಕನೇ ದಿನಕ್ಕೆ ಗಂಟಲು ಕಟ್ಟಿತು, ಡಾಕ್ಟರು ವಾರ ಮಾತು ಬೇಡ ಅಂದರು. ಶುಂಠಿ, ಕಾಳುಮೆಣಸು, ಬೆಲ್ಲದ ಕಷಾಯ ಕುಡಿದದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಉಲ್ಟಾ ಮಾಡಿದೆವು. ಮಳೆ ಜೋರಾದಾಗ ಎಲ್ಲರೂ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಪಿಸುಮಾತಿನಲ್ಲಿ ಇಡೀ ದೃಶ್ಯ. ಕೇಳಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ನಮ್ಮ ಮಾತು ಎಲ್ಲಿ ಶುರು ಅನ್ನುವ ಕ್ಯೂ ತಪ್ಪುತ್ತದೆ. ಬಿಜ್ಜಳ ಮತ್ತು ಬಸವಣ್ಣನ ದೃಶ್ಯ ಕೂಡಿಕೊಂಡದ್ದು ಆ ಪಿಸುಮಾತಿನಲ್ಲಿ ಅಂತ ನನ್ನ ನಂಬಿಕೆ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ, ಅದು ಅವರ ನಿರ್ದೇಶನದಿಂದ ಆದದ್ದಂತೆ.

ಕಿರೀಟದ ಕತೆ ಬೇರೆ. ಬಾಡಿಗೆ ಕಿರೀಟ ಪೌರಾಣಿಕ ನಾಟಕದ್ದು, ತಗಡಿನ ಮಿಣಮಿಣ. ಬಿಜ್ಜಳನಿಗೆ ಒಗ್ಗುವುದಿಲ್ಲ. ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಕೊಡಪಾನದ ಬುಡಕ್ಕೆ ಕಟ್ಟಿ, ಆಕಾರ ಬಂದ ಮೇಲೆ ಒಣಗಿಸಿದೆ. ಮಳೆಗಾಲದಲ್ಲಿ ಮಾಡಿದ್ದಕ್ಕೆ ಬೂಷ್ಟು ಹಿಡಿಯಿತು, ಎಸೆದೆ. ಡಿಸೆಂಬರಿನಲ್ಲಿ ಮತ್ತೆ ಮಾಡಿದೆ. ಈ ಸಲ ಅಡಿಕೆ ಬೇಯಿಸಿದ ಚೊಗರನ್ನು ಎರಡು ಮೂರು ಸಲ ಬಳಿದೆ. ಲೈಟಿನ ಕೆಳಗೆ ಹಳೇ ತಾಮ್ರ ಅಂತಲೇ ಅನಿಸಬೇಕು, ಅಂಥ ಬಣ್ಣ. ಖರ್ಚು ಸೊನ್ನೆ. ಆದರೆ ಬೆವರು ತಾಗಿದರೆ ಬಣ್ಣ ಹಣೆಗೆ ಇಳಿಯುತ್ತದೆ, ಒಳಗೆ ಬಟ್ಟೆ ಕೊಡಬೇಕು. ಗಡ್ಡ ಮಾತ್ರ ನಾನೇ ಅಂಟಿಸಿಕೊಳ್ಳುವುದು. ಸ್ಪಿರಿಟ್ ಗಮ್ ಜೊತೆಗೆ ಏನು ಸೇರಿಸಿದರೆ ಸೆಕೆಯಲ್ಲೂ ಮೂರು ಗಂಟೆ ಅಲ್ಲಾಡುವುದಿಲ್ಲ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಬೇಕಾದವರು ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಮಾತಾಡೋಣ.

ಇನ್ನು ದುಡ್ಡು. ಒಟ್ಟು ಖರ್ಚು 65 ಸಾವಿರದ ಹತ್ತಿರ ಆಯಿತು. ಶಿವಮೊಗ್ಗದಿಂದ ಲೈಟು, ಡಿಮ್ಮರು, ಜೊತೆಗೊಬ್ಬ ಆಪರೇಟರ್, 14 ಸಾವಿರ. 1,000 ವ್ಯಾಟಿನ ಲೈಟು 12 ಹಾಕಿದರೆ 12 ಕಿಲೋವ್ಯಾಟ್. ನಮ್ಮೂರ ಶಾಲೆಯ ಸಿಂಗಲ್ ಫೇಸಿನಲ್ಲಿ ಅದು ಕನಸಿನ ಮಾತು. ಜನರೇಟರ್ ಬೇಕೇ ಬೇಕು, ಡೀಸೆಲ್ ಸೇರಿ 9 ಸಾವಿರ. ಎಲ್‌ಇಡಿ ಹಾಕಿದರೆ ಕರೆಂಟು ಉಳಿಯುತ್ತದೆ ಅಂತ ಒಂದು ರಾತ್ರಿ ನಾಲ್ಕು ತಂದು ಹಚ್ಚಿ ನೋಡಿದೆವು. ಅಗ್ಗದ ಮಾಲು, ಎಲ್ಲರ ಮುಖವೂ ಹಸಿರು ಹಸಿರಾಗಿ ಕಂಡಿತು. ವಾಪಸ್ ಕಳಿಸಿದೆವು. ಸೌಂಡು 6, ಬಟ್ಟೆಬರೆ 8, ಸೆಟ್ಟು 4, ಟೆಂಪೋ ಮತ್ತು ಪೆಟ್ರೋಲು 6, ಅನುಮತಿ, ಪೋಸ್ಟರು, ಚಿಲ್ಲರೆ ಎಲ್ಲ ಸೇರಿ ಇನ್ನೊಂದು 6. ಊಟ ತಿಂಡಿಗೆ 12 ಸಾವಿರ! ಹವ್ಯಾಸಿ ನಾಟಕದಲ್ಲಿ ಅತಿ ದೊಡ್ಡ ಪಾತ್ರ ಚಿತ್ರಾನ್ನದ್ದು ಅಂತ ಮೇಷ್ಟ್ರು ಹೇಳುವುದು ಸುಳ್ಳಲ್ಲ.

ಬಂದದ್ದು? ನಗದು ದೇಣಿಗೆ 25 ಸಾವಿರ. ನಮ್ಮೂರಲ್ಲಿ ರೊಕ್ಕ ಕೇಳಿದರೆ ಮುಖ ಸಣ್ಣದು ಮಾಡುವವರು ಅಡಿಕೆ ಕೇಳಿದರೆ ಇಲ್ಲ ಅನ್ನುವುದಿಲ್ಲ. ಇದನ್ನು ಕಂಡುಹಿಡಿದದ್ದು ನಾನು, ಹೇಳಿಕೊಳ್ಳುವುದರಲ್ಲಿ ಸಂಕೋಚವಿಲ್ಲ. ಮನೆಗೆ ಒಂದು ಕೆ.ಜಿ., ಎರಡು ಕೆ.ಜಿ. ರಾಶಿ ಅಡಿಕೆ ಅಂತ ಎತ್ತಿ ಅರ್ಧ ಕ್ವಿಂಟಾಲ್ ಆಯಿತು. ಆಗ ಕ್ವಿಂಟಾಲಿಗೆ 45 ಸಾವಿರದ ಆಸುಪಾಸು ನಡೆಯುತ್ತಿತ್ತು, 22 ಸಾವಿರ ಕೈಗೆ ಬಂತು. 50 ರೂಪಾಯಿ ಟಿಕೆಟಿನಿಂದ 14 ಸಾವಿರ. ಕಡಿಮೆ ಬಿದ್ದ ನಾಲ್ಕನ್ನು ಮೇಷ್ಟ್ರು, ನಾನು ಹಂಚಿಕೊಂಡೆವು. ಒಬ್ಬ ವ್ಯಾಪಾರಿ ಹತ್ತು ಸಾವಿರ ಕೊಡುತ್ತೇನೆ ಅಂದು, ಪೋಸ್ಟರಿನಲ್ಲಿ ಹೆಸರು ಹಾಕಿಸಿಕೊಂಡು, ಆಮೇಲೆ ಫೋನೇ ಎತ್ತಲಿಲ್ಲ. ಈಗ ಮೊದಲು ದುಡ್ಡು, ಆಮೇಲೆ ಹೆಸರು.

ಮಾರ್ಚ್ ಮೊದಲ ವಾರ ನಮ್ಮೂರ ಶಾಲೆ ಬಯಲಿನಲ್ಲಿ ಆಡಿದೆವು. ಎಂಟ್ರಿಗೆ ಮುಂಚೆ ಸೈಡ್ ವಿಂಗ್‌ನಲ್ಲಿ ನಿಂತಾಗ ಕಾಲು ನಡುಗಿದ್ದು ನಿಜ. ಆದರೆ ಮೊದಲ ಲೈಟಿನ ಬಿಸಿ ಮುಖಕ್ಕೆ ತಾಗಿತು ನೋಡಿ, ಇಪ್ಪತ್ತು ಚಿಲ್ಲರೆ ವರ್ಷ ಎಲ್ಲಿ ಹೋಯಿತೋ. ಕಾಲು ತಾನೇ ಜಾಗ ಹುಡುಕಿಕೊಂಡಿತು. ಮೊದಲ ಹತ್ತು ನಿಮಿಷ ಜನ ಕೆಮ್ಮುತ್ತಿದ್ದರು, ಕಡಲೇಕಾಯಿ ಸುಲಿಯುವ ಸದ್ದು ಬರುತ್ತಿತ್ತು. ಬಸವಣ್ಣನ ಎದುರಿಗೆ ಕೂತು ನಾನು ಬೇಕೆಂದೇ ದನಿ ತಗ್ಗಿಸಿದೆ. ಕೆಮ್ಮು ನಿಂತಿತು. ಮುನ್ನೂರು ಜನ ಉಸಿರು ಹಿಡಿದು ಕೇಳುತ್ತಿದ್ದಾರೆ ಅಂತ ಬೆನ್ನಿಗೇ ಗೊತ್ತಾಗುತ್ತದೆ. ಒಳ್ಳೇ ಅಡಿಕೆ ರೇಟು ಬಂದಾಗಲೂ ನನಗೆ ಅಷ್ಟು ಖುಷಿ ಆದದ್ದಿಲ್ಲ. ಒಂದು ಪದವೂ ಬೀಳಲಿಲ್ಲ. ಚಪ್ಪಾಳೆಯ ನಡುವೆ ಹಿಂದಿನ ಸಾಲಿನಿಂದ ಸುಲಿಯುವ ಹೆಂಗಸರ ಕೂಗು ಬೇರೆ.

ಎರಡನೇ ಪ್ರದರ್ಶನ ಪೇಟೆಯ ಒಂದು ಸಭಾಭವನದಲ್ಲಿ. ಬರೀ ಸಿಮೆಂಟು ಗೋಡೆ. ಒಂದು ಮಾತು ಆಡಿದರೆ ಎರಡು ಕೇಳುತ್ತದೆ. ಮಧ್ಯಾಹ್ನವೇ ಊರಿಗೆ ಟೆಂಪೋ ಓಡಿಸಿ, ಅಡಿಕೆ ಒಣಗಿಸುವ ಗೋಣಿತಟ್ಟುಗಳನ್ನೆಲ್ಲ ತಂದು ಹಿಂದಿನ ಗೋಡೆಗೆ ನೇತುಹಾಕಿದೆವು. ಇಡೀ ಹಾಲಿಗೆ ಅಡಿಕೆ ವಾಸನೆ, ಆದರೆ ಮಾರ್ದನಿ ಅರ್ಧಕ್ಕೆ ಇಳಿಯಿತು. ಅವತ್ತು ಮೂರನೇ ದೃಶ್ಯದಲ್ಲಿ ಮಾತು ಹಾರಿಹೋಯಿತು. ನನ್ನದಲ್ಲ, ಬಸವಣ್ಣನದು! ಅಂಥ ಹೊತ್ತಿಗೆ ಅಂತ ನಮ್ಮಿಬ್ಬರ ನಡುವೆ ಒಂದು ಸನ್ನೆ ಇಟ್ಟುಕೊಂಡಿದ್ದೆವು. ಅದೇನು ಅಂತ ಹೇಳಿಬಿಟ್ಟರೆ ಮುಂದಿನ ಸಲ ನೀವು ಅದನ್ನೇ ಕಾಯುತ್ತಾ ಕೂರುತ್ತೀರಿ. ನೋಡಿದವರೊಬ್ಬರು ಆಮೇಲೆ ಬಂದು, ಆ ಮೌನ ಬಹಳ ಚೆನ್ನಾಗಿತ್ತು ಅಂದರು. ಬಸವಣ್ಣ ಗಂಭೀರವಾಗಿ ತಲೆದೂಗಿದರು.

ಈಗ ಅವರೇ ಫೋನ್ ಮಾಡಿ, ಮುಂದಿನ ನಾಟಕಕ್ಕೆ ನಿನ್ನ ಮಾತೆಲ್ಲ ರೆಕಾರ್ಡ್ ಮಾಡಿ ಕಳಿಸು ಅನ್ನುತ್ತಿದ್ದಾರೆ. ಕಳಿಸುತ್ತೇನೆ, ಒಂದು ವಾರ ಸತಾಯಿಸಿ. ರೀಡಿಂಗ್ ಜೂನ್‌ನಲ್ಲೇ ಶುರು, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನಗಳನ್ನು ಬಿಟ್ಟು. ಹೆಂಗಸಿನ ಪಾತ್ರ ಎರಡು ಖಾಲಿ ಇದೆ. ನಮ್ಮ ಮನೆಗೆ ಸುಲಿಯಲು ಬರುವವರಲ್ಲಿ ಒಬ್ಬರನ್ನು ಕೇಳಿದ್ದೇನೆ. ಪ್ರಾಂಪ್ಟರ್ ಇರುತ್ತಾರಾ ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಸರಿ" ಅಂದರು.