‘ಅಟ್ಯಾಕು’ ಅಂದರೆ ಟ್ಯಾಂಕ್ ಕದಲಲಿಲ್ಲ

ಸೈನ್ಯ ನಡೆಸುವ ಸ್ಟ್ರಾಟಜಿ ವಿಡಿಯೋ ಗೇಮ್ ಆಡೋಕೆ ಮೌಸ್ ಬೇಕೇ ಬೇಕು ಅಂತ ನಂಬಿದ್ದವನು ನಾನು. ಹತ್ತು ಟ್ಯಾಂಕ್ ಸುತ್ತ ಒಂದು ಚೌಕ ಎಳೆದು, ಮ್ಯಾಪಿನ ಮೂಲೆಯಲ್ಲಿ ಒಂದು ಕ್ಲಿಕ್. ಮುಗೀತು. ಅದೇ ಕೆಲಸವನ್ನು ಕಂಟ್ರೋಲರ್‌ನ ಸ್ಟಿಕ್‌ನಲ್ಲಿ ಮಾಡಿದರೆ ಕರ್ಸರ್ ಕೆಸರಲ್ಲಿ ಕಾಲು ಹಾಕಿದ ಹಾಗೆ ತೆವಳುತ್ತದೆ. ಹಾಗಾಗಿ ಬಾಯಿಮಾತಲ್ಲೇ ಯುದ್ಧ ನಡೆಸಬಹುದಾದ ‘ಎಂಡ್‌ವಾರ್’ (2008) ಕೈಗೆ ಸಿಕ್ಕಾಗ ಖುಷಿಯೋ ಖುಷಿ.

ಟ್ರಿಗರ್ ಒತ್ತಿ ಹಿಡಿದು ಮಾತಾಡಬೇಕು. ಯಾರು, ಏನು ಮಾಡಬೇಕು, ಎಲ್ಲಿ ಅಥವಾ ಯಾರ ಮೇಲೆ, ಇದೇ ಕ್ರಮ. ‘ಯುನಿಟ್ ಒನ್ ಅಟ್ಯಾಕ್ ಹಾಸ್ಟೈಲ್ ಟು’, ಅಂದರೆ ಒಂದನೇ ಪಡೆ ಎರಡನೇ ಶತ್ರುವಿನ ಮೇಲೆ ಬೀಳಲಿ ಅಂತ. ನಾನು ಹೇಳಿದೆ. ಟ್ಯಾಂಕ್ ಕದಲಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಜೋರು ಮಾಡಿದಷ್ಟೂ ಕೆಟ್ಟಿತು. ನಾಲ್ಕನೇ ಸಲಕ್ಕೆ ನನ್ನ ದನಿ ನನಗೇ ಕೇಳಿಸಿತು: ನಾನು ‘ಅಟ್ಯಾಕು’ ಅನ್ನುತ್ತಿದ್ದೆ! ಬಸ್ಸು, ಕಾರು, ಲೈಟು ಅಂತ ಎಲ್ಲದಕ್ಕೂ ಉಕಾರ ಅಂಟಿಸುವ ನಾಲಿಗೆ ಅಲ್ವಾ, ಯುದ್ಧಭೂಮಿಯಲ್ಲೂ ಬಿಡಲಿಲ್ಲ.

ಎರಡನೇ ತಪ್ಪು ಇನ್ನೂ ಸಣ್ಣದು. ಟ್ರಿಗರ್ ಒತ್ತುವ ಮೊದಲೇ ಬಾಯಿ ತೆರೆಯುತ್ತಿದ್ದೆ. ‘ಯುನಿಟ್’ನ ‘ಯು’ ತುಂಡಾಗಿ ಬರೀ ‘ನಿಟ್’ ಹೋಗುತ್ತಿತ್ತು. ಒತ್ತು, ಅರೆಕ್ಷಣ ತಡೆ, ಮಾತಾಡು, ಆಮೇಲೆ ಬಿಡು. ಮೈಕನ್ನು ತುಟಿಯ ಎದುರಿಂದ ಕೆನ್ನೆಯ ಪಕ್ಕಕ್ಕೆ ಸರಿಸಿದೆ, ಉಸಿರಿನ ಸದ್ದು ಕಮ್ಮಿಯಾಯಿತು. ಫ್ಯಾನ್ ಆಫ್ ಮಾಡಿದೆ. ಒಂದು ವಾರದಲ್ಲಿ ಹತ್ತಕ್ಕೆ ಒಂಬತ್ತು ಆಜ್ಞೆ ಸರಿಯಾಗಿ ಹೋಗತೊಡಗಿತು. ದೂರದಲ್ಲಿರುವ ಹೆಲಿಕಾಪ್ಟರನ್ನು ಹುಡುಕಿಕೊಂಡು ಹೋಗದೆ, ಇಲ್ಲಿ ಟ್ಯಾಂಕ್ ನೋಡುತ್ತಲೇ ಅದನ್ನು ಕರೆಯಬಹುದು. ಮೌಸ್‌ನಲ್ಲೂ ಈ ಸುಖ ಇಲ್ಲ.

ಆದರೆ ಮಾತಿಗೆ ಹೆಸರು ಬೇಕು. ‘ಆಲ್ಫಾ’, ‘ಹಾಸ್ಟೈಲ್ ಟು’ ಅಂತ ಎಲ್ಲದಕ್ಕೂ ಹೆಸರಿಟ್ಟಿದ್ದರಿಂದ ಆ ಆಟ ನಡೆಯಿತು. ‘ಆ ಗುಡ್ಡದ ಹಿಂದೆ, ಸ್ವಲ್ಪ ಎಡಕ್ಕೆ’ ಅಂತ ಹೇಳುವುದು ಹೇಗೆ? ಅಲ್ಲಿ ಬೆರಳು ತೋರಿಸಬೇಕು.

ಅದಕ್ಕೇ ‘ರೂಸ್’ (2010) ಆಟವನ್ನು ಪ್ಲೇಸ್ಟೇಷನ್ ಮೂವ್‌ನಲ್ಲಿ ಆಡಿದೆ. ಮೂವ್ ಕೋಲಿನ ತುದಿಯಲ್ಲಿ ಹೊಳೆಯುವ ಚೆಂಡು ಇರುತ್ತದೆ. ಟಿವಿ ಹತ್ತಿರದ ಕ್ಯಾಮೆರಾ ಅದನ್ನು ನೋಡುತ್ತದೆ, ಚೆಂಡು ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದರ ಮೇಲೆ ದೂರ ಲೆಕ್ಕ ಹಾಕುತ್ತದೆ. ನನ್ನ ಕರ್ಸರ್ ಸಂಜೆ ಹೊತ್ತು ಮಾತ್ರ ನಡುಗುತ್ತಿತ್ತು. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಕಾರಣ ನನ್ನ ಬೆನ್ನ ಹಿಂದೆ ಇತ್ತು: ಕ್ಯಾಮೆರಾದ ಕಣ್ಣಿಗೆ ಸಂಜೆ ಬಿಸಿಲು ಹೊಡೆಯುವ ಕಿಟಕಿ. ಪರದೆ ಎಳೆದೆ, ಸರಿಹೋಯಿತು.

ಭುಜದ ನೋವು ಬೇರೆ ಕಥೆ. ಅರ್ಧ ಗಂಟೆ ಕೈ ಎತ್ತಿ ಹಿಡಿದರೆ ಯಾರಿಗಾದರೂ ಬರುತ್ತದೆ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ, ಅಲ್ಲಾಡುವುದು ಮಣಿಕಟ್ಟು ಮಾತ್ರ. ಜಾಹೀರಾತಿನಲ್ಲಿ ಕುಣಿಯುವವರನ್ನು ನೋಡಿ ಮೋಸಹೋಗಬೇಡಿ. ಸ್ಟ್ರಾಟಜಿ ಆಟಕ್ಕೆ ಎರಡು ಇಂಚಿನ ಚಲನೆ ಸಾಕು.

ಬರಿಗೈ ಆಡಿಸಿದ್ದನ್ನೇ ಕ್ಯಾಮೆರಾದಲ್ಲಿ ನೋಡಿ ಆಟ ನಡೆಸುವ, ಎಕ್ಸ್‌ಬಾಕ್ಸ್‌ನ ಕಿನೆಕ್ಟ್‌ನಲ್ಲೂ ಕೈ ಆಡಿಸಿದ್ದೇನೆ. ಅದರಲ್ಲಿ ನಾಲ್ಕು ಮೈಕ್ ಇವೆ, ಹೆಡ್‌ಸೆಟ್ ಬೇಡ, ಅದು ಒಳ್ಳೆಯದೇ. ಆದರೆ ಕೈಯಲ್ಲಿ ಬಟನ್ ಇಲ್ಲ. ಮೆನುವಿನಲ್ಲಿ ಒಂದನ್ನು ಆರಿಸಲು ಅದರ ಮೇಲೆ ಕೈ ಹಿಡಿದು ಸುಮ್ನೆ ಕಾಯಬೇಕು. ಅಷ್ಟರಲ್ಲಿ ಶತ್ರು ಬಂದು ಊರು ಸುಟ್ಟು ಹೋಗಿರುತ್ತಾನೆ.

ನನಗೆ ಸರಿಹೊಂದಿದ್ದು ನಿಂಟೆಂಡೊದ ವೀ ರಿಮೋಟ್. ಪಿಕ್ಮಿನ್ ಅನ್ನುವ ಪುಟ್ಟ ಜೀವಿಗಳನ್ನು ಗುರಿಯತ್ತ ಎಸೆದು ಕೆಲಸ ಮಾಡಿಸುವ, ವೀ ಯು ಕನ್ಸೋಲ್‌ನ ‘ಪಿಕ್ಮಿನ್ 3’ (2013) ಆಟವನ್ನು ಅದರಲ್ಲೇ ಮುಗಿಸಿದೆ. ಇಲ್ಲೊಂದು ತಮಾಷೆ: ಟಿವಿ ಮುಂದಿಡುವ ‘ಸೆನ್ಸರ್ ಬಾರ್’ನಲ್ಲಿ ಸೆನ್ಸರ್ರೇ ಇಲ್ಲ. ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು, ಅಷ್ಟೇ. ಕ್ಯಾಮೆರಾ ಇರುವುದು ರಿಮೋಟ್‌ನ ಮೂತಿಯಲ್ಲಿ. ಒಮ್ಮೆ ಬಾರ್ ತೆಗೆದು ಆ ಜಾಗದಲ್ಲಿ ಎರಡು ಮೇಣದ ಬತ್ತಿ ಹಚ್ಚಿ ನೋಡಿದೆ, ಕರ್ಸರ್ ಬಂತು! ಮಣಿಕಟ್ಟು ತೋರಿಸುತ್ತದೆ, ಹೆಬ್ಬೆರಳು ಒತ್ತುತ್ತದೆ, ಪಿಕ್ಮಿನ್ ಹಾರಿ ಹೋಗಿ ಬೀಳುತ್ತದೆ. ಗುರಿ ಇಡುವ ಕೈಗೂ ‘ಸರಿ’ ಅನ್ನುವ ಬೆರಳಿಗೂ ಕೆಲಸ ಬೇರೆ ಬೇರೆ, ಹಾಗಾಗಿ ತಡವರಿಕೆ ಇಲ್ಲ.

ಇದೇ ಆಟ 2020ರಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲ್‌ಗೆ ಬಂದಾಗ ಅಲ್ಲಿ ಗುರಿ ಇಡಲು ಕ್ಯಾಮೆರಾ ಬಳಸುವುದಿಲ್ಲ, ಕಂಟ್ರೋಲರ್ ತಿರುಗಿದ್ದನ್ನು ಅಳೆಯುವ ಜೈರೋ ಇದೆ. ಜೈರೋಗೆ ಟಿವಿ ಎಲ್ಲಿದೆ ಅಂತ ಗೊತ್ತಿಲ್ಲ, ಎಷ್ಟು ತಿರುಗಿತು ಅಂತ ಮಾತ್ರ ಗೊತ್ತು. ಆಡುತ್ತಾ ಆಡುತ್ತಾ ಗುರಿ ಪಕ್ಕಕ್ಕೆ ಜಾರುತ್ತದೆ, ಆಗಾಗ ಮಧ್ಯಕ್ಕೆ ತಂದುಕೊಳ್ಳಬೇಕು. ಅಭ್ಯಾಸವಾಗಿದೆ.

ಆದರೆ ಎಂಡ್‌ವಾರ್ ಹಿಡಿಸಿದ ಚಟ ಹೋಗಿಲ್ಲ. ಮೈಕೇ ಇಲ್ಲದ ಈ ಆಟದಲ್ಲೂ, ದೊಡ್ಡ ಹುಳು ಎದುರಾದರೆ ‘ಅಟ್ಯಾಕ್’ ಅಂತ ಬಾಯಿಗೆ ಬಂದೇ ಬರುತ್ತದೆ. ಉಕಾರ ಇಲ್ಲದೆ.